ನಮ್ಮವರು ಬಂದಾಯ್ತಲ್ಲ, ಇನ್ನೇನು?

ನಿನ್ನೆ ರಾತ್ರಿ ನಮ್ಮ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿನಲ್ಲಿ ನನ್ನ ಮೆಸೇಜನ್ನು ಅಡ್ಮಿನ್ ಡಿಲೀಟ್ ಮಾಡಿದರು. ಅದೇ ಗ್ರೂಪಿನಲ್ಲಿ ನೀರಿನ ಟ್ಯಾಂಕರ್ ದುಡ್ಡಿಗೆ ಇಬ್ಬರು ಹಿರಿಯರು ಏಕವಚನದಲ್ಲಿ ಬೈದಾಡಿಕೊಂಡದ್ದು ಹಾಗೇ ಇದೆ. ಅದಕ್ಕೆ ತೊಂದರೆ ಇಲ್ಲ.

ಆಗಿದ್ದಿಷ್ಟು. ಯಾರೋ 'ಆಪರೇಷನ್ ಕಾವೇರಿ'ಯ ಹಳೇ ವಿಡಿಯೋ ಹಾಕಿದ್ದರು. 2023ರಲ್ಲಿ ಸುಡಾನಿನಿಂದ ನಮ್ಮವರನ್ನು ಕರೆತಂದರಲ್ಲ, ಅದು. ಹಡಗು, ವಿಮಾನ, ಬಾವುಟ, ಹಿಂದೆ ಎದೆ ನಡುಗಿಸುವ ಮ್ಯೂಸಿಕ್ಕು. ಕೆಳಗೆ ಹೃದಯದ ಗುರುತುಗಳ ಸಾಲು. ನಾನೂ ಒಂದು ಒತ್ತಿದೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಅದರ ಕೆಳಗೇ ಬರೆದೆ: ನಮ್ಮ ಹಕ್ಕಿಪಿಕ್ಕಿಗಳು ಸಿಕ್ಕಿಕೊಂಡಿದ್ದ ಆ ಅಲ್ ಫಾಷಿರ್ ಊರಿನಲ್ಲಿ ಉಳಿದವರಿಗೆ ಏನಾಯ್ತು ಗೊತ್ತಾ? ಕದನ ವಿರಾಮಕ್ಕೆ ಒತ್ತಾಯಿಸಿ ನಮ್ಮ ಎಂಪಿಗೆ ಒಂದು ಪತ್ರ ಬರೆಯೋಣ, ಯಾರು ಯಾರು ಸಹಿ ಹಾಕ್ತೀರಿ?

ಮೊದಲ ಉತ್ತರ: "ಮೇಡಂ, ಕದನ ವಿರಾಮದಿಂದ ಏನೂ ಆಗಲ್ಲ. ಅವರು ಹೊಡೆದಾಡಿಕೊಳ್ಳೋ ಜನಾನೇ." ಎರಡನೆಯದು ಕೈಮುಗಿದ ಚಿತ್ರದ ಜೊತೆ: "ಇಲ್ಲಿ ಪಾಲಿಟಿಕ್ಸ್ ಬೇಡ ಪ್ಲೀಸ್." ಆಮೇಲೆ ನನ್ನ ಮೆಸೇಜೇ ಇಲ್ಲ.

ಸರಿ. ಇದು ನನ್ನ ಗೋಡೆ. ಇಲ್ಲಿ ಅಡ್ಮಿನ್ ನಾನೇ.

ನಾನು ಹುಣಸೂರಿನ ಕಡೆಯವಳು ಅಂತ ನಿಮಗೆ ಗೊತ್ತೇ ಇದೆ. ಪಕ್ಷಿರಾಜಪುರದ ಹಕ್ಕಿಪಿಕ್ಕಿಗಳು ನಮಗೆ ಟಿವಿಯಲ್ಲಿ ಪರಿಚಯವಾದವರಲ್ಲ. ಗಿಡಮೂಲಿಕೆ, ತಲೆಗೆ ಹಚ್ಚುವ ಎಣ್ಣೆ ಹೊತ್ತುಕೊಂಡು ಆಫ್ರಿಕಾದ ದೇಶಗಳನ್ನೆಲ್ಲ ಸುತ್ತಿ ಬರುವ ಜನ. ಪಾಸ್‌ಪೋರ್ಟಿನಲ್ಲಿ ಅವರಿಗಿರುವಷ್ಟು ಸೀಲು ನಮ್ಮ ಅಪಾರ್ಟ್‌ಮೆಂಟಿನ ಸಾಫ್ಟ್‌ವೇರ್ ಮಂದಿಗೂ ಇರಲಿಕ್ಕಿಲ್ಲ. 2023ರ ಏಪ್ರಿಲ್ 15ರಂದು ಸುಡಾನಿನ ರಾಜಧಾನಿ ಖಾರ್ಟೂಮಿನಲ್ಲಿ ಸರಕಾರಿ ಸೇನೆಗೂ ಆರ್‌ಎಸ್‌ಎಫ್ ಅನ್ನುವ ಅರೆಸೇನಾ ಪಡೆಗೂ ಯುದ್ಧ ಶುರುವಾದಾಗ, ಅಲ್ಲಿಂದ ಎಷ್ಟೋ ದೂರದ ದಾರ್ಫುರ್ ಸೀಮೆಯ ಅಲ್ ಫಾಷಿರ್‌ನಲ್ಲಿ ಇಂಥವರು ಬಾಡಿಗೆ ಮನೆಯೊಳಗೆ ಸಿಕ್ಕಿಬಿದ್ದರು. ಕರ್ನಾಟಕದ 31 ಜನ ಅಂತ ಆಗ ಸುದ್ದಿ ಬಂತು. ಹುಣಸೂರು, ಶಿವಮೊಗ್ಗ, ಚನ್ನಗಿರಿ ಕಡೆಯವರು. ಊಟವಿಲ್ಲ, ನೀರಿಲ್ಲ ಅಂತ ಫೋನಿನಲ್ಲಿ ಅಳುತ್ತಿದ್ದರು. ನಮ್ಮಲ್ಲಿ ವಿಧಾನಸಭೆ ಚುನಾವಣೆಯ ಕಾವು. ಸಿದ್ದರಾಮಯ್ಯ ಟ್ವೀಟ್ ಮಾಡಿದರು, ಜೈಶಂಕರ್ ಸಿಟ್ಟಿನಿಂದ ತಿರುಗಿ ಬರೆದರು, ಟಿವಿಗಳಿಗೆ ಹಬ್ಬ. ಆ ಒಂದೆರಡು ವಾರ ಕನ್ನಡದ ಎಲ್ಲ ಚಾನೆಲ್ಲುಗಳಿಗೂ ಸುಡಾನಿನ ನಕ್ಷೆ ಬಾಯಿಪಾಠ ಆಗಿತ್ತು.

ನಮ್ಮ ಜನ ವಾಪಸ್ ಬಂದರು. ಒಟ್ಟು ಮೂರೂವರೆ ಸಾವಿರಕ್ಕೂ ಜಾಸ್ತಿ ಭಾರತೀಯರು ಬಂದರು. ನೌಕಾಪಡೆ, ವಾಯುಪಡೆಯವರಿಗೆ ಕೈಮುಗಿಯುತ್ತೇನೆ. ದೀಪವೇ ಇಲ್ಲದ ಹಾಳು ರನ್‌ವೇ ಮೇಲೆ ರಾತ್ರಿ ಹೊತ್ತು ವಿಮಾನ ಇಳಿಸಿ 121 ಜನರನ್ನು ಎತ್ತಿಕೊಂಡು ಬಂದವರು ಅವರು. ಅದರಲ್ಲಿ ಗರ್ಭಿಣಿಯೂ ಇದ್ದರು.

ಆದರೆ ಆ ವಿಡಿಯೋದಲ್ಲಿ ಯಾರೂ ತೋರಿಸದ ಒಂದು ಸಂಗತಿ ಇದೆ. ಏಪ್ರಿಲ್ 24ರ ರಾತ್ರಿ ಅಮೆರಿಕ, ಸೌದಿ ಸೇರಿ ಎರಡೂ ಸೇನೆಗಳನ್ನು 72 ಗಂಟೆಯ ಕದನ ವಿರಾಮಕ್ಕೆ ಒಪ್ಪಿಸಿದ್ದರು. ಅದು ತೂತು ಬಿದ್ದ ಕದನ ವಿರಾಮ. ಅದರ ನಡುವೆಯೂ ಗುಂಡು ಹಾರುತ್ತಿತ್ತು. ಆದರೂ ಬಸ್ಸುಗಳು ಖಾರ್ಟೂಮಿನಿಂದ ಪೋರ್ಟ್ ಸುಡಾನ್ ಕಡೆಗೆ ಹೊರಡುವಷ್ಟು ಬಿಡುವು ಸಿಕ್ಕಿತು. ಮರುದಿನವೇ 278 ಜನರ ಮೊದಲ ತಂಡ ಐಎನ್‌ಎಸ್ ಸುಮೇಧಾ ಹತ್ತಿ ಜೆಡ್ಡಾ ಕಡೆ ಹೊರಟಿತು. ಕದನ ವಿರಾಮದಿಂದ ಏನೂ ಆಗಲ್ಲ ಅಂದ ಸ್ವಾಮಿಗಳೇ, ನೀವು ಹೃದಯ ಒತ್ತಿದ ವಿಡಿಯೋ ಕದನ ವಿರಾಮದ್ದೇ ವಿಡಿಯೋ!

ಇನ್ನೊಂದು ಕೇಳಿ. ಇದು ನಮ್ಮ ಯಾವ ಚಾನೆಲ್ಲಿನಲ್ಲೂ ಬರಲಿಲ್ಲ. ಅದೇ ಏಪ್ರಿಲ್‌ನಲ್ಲಿ ಅಲ್ ಫಾಷಿರ್‌ನಲ್ಲೂ ಕಾದಾಟ ಶುರುವಾಗಿತ್ತು. ಆಗ ಊರಿನ ಹಿರಿಯರೇ ನಡುವೆ ಹೋಗಿ, ಆ ಸೇನೆಯವರ ಹತ್ತಿರ ಮಾತಾಡಿ, ಈ ಆರ್‌ಎಸ್‌ಎಫ್‌ನವರ ಹತ್ತಿರ ಮಾತಾಡಿ, ನೀವು ಆ ಕಡೆ ಇರಿ, ನೀವು ಈ ಕಡೆ ಇರಿ ಅಂತ ಒಂದು ಒಪ್ಪಂದ ಮಾಡಿಸಿದರು. ನಮ್ಮಲ್ಲಿ ಪಂಚಾಯ್ತಿ ಕಟ್ಟೆ ಮೇಲೆ ಮಾಡುತ್ತಾರಲ್ಲ, ಹಾಗೆ. ಅದೂ ಆಗಾಗ ಮುರಿಯಿತು, ಮತ್ತೆ ಹೊಲಿದರು. ಹೆಚ್ಚುಕಮ್ಮಿ ಒಂದು ವರ್ಷ ಎಳೆಯಿತು. ಆ ವರ್ಷದಲ್ಲಿ ದಾರ್ಫುರ್‌ನ ಬೇರೆ ಊರುಗಳು ಸುಟ್ಟು ಹೋಗುತ್ತಿದ್ದವು. ಅಲ್ ಜನೈನಾದಲ್ಲಿ ಮಸಾಲೀತ್ ಬುಡಕಟ್ಟಿನವರನ್ನು ಹುಡುಕಿ ಹುಡುಕಿ ಕೊಂದರು. ದಾರ್ಫುರ್‌ನ ಬೇರೆ ಬೇರೆ ಕಡೆಗಳಿಂದ ತಪ್ಪಿಸಿಕೊಂಡ ಲಕ್ಷಾಂತರ ಜನ ಬಂದು ಸೇರಿದ್ದು ಅಲ್ ಫಾಷಿರ್‌ಗೆ, ಅದರ ಪಕ್ಕದ ಜಮ್‌ಜಮ್ ಶಿಬಿರಕ್ಕೆ. ಯಾಕೆ? ಅಲ್ಲಿ ಗುಂಡಿನ ಸದ್ದು ಕಮ್ಮಿ ಇತ್ತು, ಅಷ್ಟೇ.

2024ರ ಮೇನಲ್ಲಿ ಆ ಒಪ್ಪಂದ ಪೂರ್ತಿ ಕಿತ್ತುಹೋಯಿತು. ಆರ್‌ಎಸ್‌ಎಫ್ ಊರಿಗೆ ಮುತ್ತಿಗೆ ಹಾಕಿತು. ಜೂನ್ 13ಕ್ಕೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಮುತ್ತಿಗೆ ತೆಗೆಯಿರಿ ಅಂತ ನಿರ್ಣಯ ಮಾಡಿತು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಗಸ್ಟ್ ಹೊತ್ತಿಗೆ ಜಮ್‌ಜಮ್‌ನಲ್ಲಿ ಕ್ಷಾಮ ಅಂತ ಘೋಷಣೆ ಆಯಿತು. 2025ರ ಏಪ್ರಿಲ್‌ನಲ್ಲಿ ಆ ಶಿಬಿರಕ್ಕೇ ನುಗ್ಗಿ ನೂರಾರು ಜನರನ್ನು ಕೊಂದರು. ಅಲ್ಲಿ ಉಳಿದಿದ್ದ ಒಂದು ಕ್ಲಿನಿಕ್ಕಿನ ಒಂಬತ್ತು ಸಿಬ್ಬಂದಿಯನ್ನೂ ಬಿಡಲಿಲ್ಲ. ಜೂನ್‌ನಲ್ಲಿ 15 ಲಾರಿಗಳಲ್ಲಿ ನೆರವು ತರುತ್ತಿದ್ದ ವಿಶ್ವಸಂಸ್ಥೆಯ ಸಾಲಿನ ಮೇಲೆ ದಾರಿಯಲ್ಲೇ ದಾಳಿ ಆಯಿತು, ಐದು ಜನ ಸತ್ತರು. ಆಮೇಲೆ ಊರಿನ ಸುತ್ತ ಮೂವತ್ತು ಕಿಲೋಮೀಟರಿಗೂ ಉದ್ದದ ಮಣ್ಣಿನ ಏರಿ ಎಬ್ಬಿಸಿದರು. ಒಳಗಿದ್ದವರು ಹೊರಗೆ ಹೋಗಬಾರದು, ಹೊರಗಿನ ಕಾಳು ಒಳಗೆ ಬರಬಾರದು. ಒಳಗೆ ಉಳಿದಿದ್ದವರು ಸುಮಾರು 2 ಲಕ್ಷ 60 ಸಾವಿರ ಜನ. ಅರ್ಧಕ್ಕರ್ಧ ಮಕ್ಕಳು.

ಅವರು ಏನು ತಿಂದರು ಗೊತ್ತಾ? ಹಿಂಡಿ.

ಅಂಬಾಜ್ ಅನ್ನುತ್ತಾರೆ ಅಲ್ಲಿ. ಕಡಲೆಕಾಯಿ ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುತ್ತದಲ್ಲ, ಅದೇ. ನಮ್ಮ ಮನೆಯಲ್ಲಿ ಅವ್ವ ಹಿಂದಿನ ರಾತ್ರಿಯೇ ನೆನೆಹಾಕಿ, ಬೆಳಿಗ್ಗೆ ಬೂಸಾ ಜೊತೆ ಕಲಸಿ ಎಮ್ಮೆಗೆ ಇಡುತ್ತಿದ್ದಳು. ಬೂಷ್ಟು ಹಿಡಿದಿದ್ದರೆ ಎಮ್ಮೆಗೂ ಹಾಕುತ್ತಿರಲಿಲ್ಲ. ಅಲ್ ಫಾಷಿರ್‌ನಲ್ಲಿ ಅದನ್ನು ನೀರಲ್ಲಿ ಕುದಿಸಿ ಮಕ್ಕಳಿಗೆ ಕೊಟ್ಟರು. ತಕಾಯ ಅಂತ ಊರಿನ ಹುಡುಗರು, ಹೆಂಗಸರೇ ಸೇರಿ ನಡೆಸುವ ಗಂಜಿ ಕೇಂದ್ರಗಳಿದ್ದವು. ಜೋಳ, ರಾಗಿಯಂಥ ಕಾಳು ಮುಗಿದ ಮೇಲೆ ಅಲ್ಲೂ ದೊಡ್ಡ ಹಂಡೆಯಲ್ಲಿ ಇದೇ ಹಿಂಡಿ. ಅದಕ್ಕೂ ಸಾಲು. ಆ ಸಾಲಿನ ಮೇಲೂ ಡ್ರೋನು, ಶೆಲ್ಲು. ಕೊನೆಕೊನೆಗೆ ಹಿಂಡಿಯೂ ದುಬಾರಿ ಆಯಿತು.

ಇದನ್ನು ಓದಿದ ದಿನ ನಾನು ಎರಡು ಹೊತ್ತು ಊಟ ಬಿಟ್ಟೆ ಅಂತೇನೂ ಬರೆಯಲ್ಲ. ಚೆನ್ನಾಗಿಯೇ ಉಂಡೆ. ಅದು ಇನ್ನೂ ಸಿಟ್ಟು ತರಿಸುತ್ತದೆ.

2025ರ ಅಕ್ಟೋಬರ್ 26ಕ್ಕೆ ಊರು ಬಿತ್ತು. ಮುಂದಿನ ಎರಡು ಮೂರು ದಿನದಲ್ಲಿ ಅಲ್ಲಿನ ಸೌದಿ ಹೆರಿಗೆ ಆಸ್ಪತ್ರೆಯಲ್ಲಿ ರೋಗಿಗಳು, ಅವರನ್ನು ನೋಡಿಕೊಳ್ಳಲು ಬಂದವರು ಸೇರಿ 460ಕ್ಕೂ ಜಾಸ್ತಿ ಜನರನ್ನು ಕೊಂದರು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಹೆರಿಗೆ ಆಸ್ಪತ್ರೆ! ಕೊಂದವರೇ ವಿಡಿಯೋ ಮಾಡಿ ಹಾಕಿಕೊಂಡರು. ಅದಕ್ಕೂ ಹಿಂದೆ ಮ್ಯೂಸಿಕ್ ಇತ್ತೋ ಏನೋ, ನಾನು ನೋಡಲಿಲ್ಲ, ನೋಡುವುದೂ ಇಲ್ಲ. ಬದುಕಿದವರು ಅರವತ್ತು ಕಿಲೋಮೀಟರ್ ದೂರದ ತವೀಲಾಗೆ ನಡೆದರು. ಬಹಳ ಮಂದಿ ಮುಟ್ಟಲಿಲ್ಲ.

ಅವತ್ತು ನಮ್ಮ ಚಾನೆಲ್ಲುಗಳಲ್ಲಿ ಏನಿತ್ತು ಅಂತ ಕೇಳಬೇಡಿ. ಎರಡು ವರ್ಷದ ಹಿಂದೆ ಬಾಯಿಪಾಠ ಆಗಿದ್ದ ಊರಿನ ಹೆಸರು ಯಾರಿಗೂ ನೆನಪಿರಲಿಲ್ಲ. ನಮ್ಮವರು ಅಲ್ಲಿ ಇರಲಿಲ್ಲವಲ್ಲ.

ಈಗ "ಏನೂ ಆಗಲ್ಲ" ಅನ್ನುವವರ ಮಾತಿಗೆ ಬರುತ್ತೇನೆ. ಅವರಲ್ಲಿ ಸ್ವಲ್ಪ ಓದಿದವರು ಹೇಳುವುದು ಇದು: ಕದನ ವಿರಾಮ ಅಂದರೆ ಎರಡೂ ಕಡೆಯವರು ಮದ್ದುಗುಂಡು ತುಂಬಿಕೊಳ್ಳಲು ತೆಗೆದುಕೊಳ್ಳುವ ರಜೆ. ಇದರಲ್ಲಿ ಸುಳ್ಳಿಲ್ಲ. 2023ರ ಮೇನಲ್ಲಿ ಜೆಡ್ಡಾದಲ್ಲಿ ಸಹಿ ಹಾಕಿ ಬಂದರು, ಊರಿಗೆ ಬಂದು ಹೊಡೆದಾಡಿದರು. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕ, ಸೌದಿ, ಈಜಿಪ್ಟ್, ಯುಎಇ ನಾಲ್ಕೂ ಸೇರಿ ಮೂರು ತಿಂಗಳ ವಿರಾಮ ಕೇಳಿದವು. ಅಲ್ ಫಾಷಿರ್ ನುಂಗಿ ಆದ ಮೇಲೆ, ನವೆಂಬರ್ 6ರಂದು, ಆರ್‌ಎಸ್‌ಎಫ್ 'ನಾವು ಒಪ್ಪಿದ್ದೇವೆ' ಅಂದಿತು. ಹೊಟ್ಟೆ ತುಂಬಿದ ಮೇಲೆ ಉಪವಾಸದ ಮಾತು. ಮರುದಿನವೇ ಖಾರ್ಟೂಮ್ ಹತ್ತಿರ ಸ್ಫೋಟ. ಸೇನೆಯ ಮುಖ್ಯಸ್ಥ ಬುರ್ಹಾನ್ ಕೂಡ ಸಾಚಾ ಏನಲ್ಲ. 2021ರಲ್ಲಿ ಇದೇ ಬುರ್ಹಾನ್, ಇದೇ ಆರ್‌ಎಸ್‌ಎಫ್‌ನ ಮುಖ್ಯಸ್ಥ ಹೆಮೆದ್ತಿ ಕೈಕೈ ಹಿಡಿದು ಜನರ ಸರಕಾರವನ್ನು ಉರುಳಿಸಿದವರು. ಆಮೇಲೆ ಇಬ್ಬರಲ್ಲಿ ಯಾರು ದೊಡ್ಡವರು ಅಂತ ಜಗಳ ಬಂತು. ಈ ಇಬ್ಬರ ಜಗಳಕ್ಕೆ ಸುಮಾರು ಒಂದು ಕೋಟಿ ಇಪ್ಪತ್ತು ಲಕ್ಷ ಜನ ಮನೆ ಬಿಟ್ಟಿದ್ದಾರೆ. "ಅವರು ಹೊಡೆದಾಡಿಕೊಳ್ಳೋ ಜನಾನೇ" ಅಂದರಲ್ಲ, ಹಿಂಡಿ ತಿಂದವರು ಯಾರ ಮೇಲೂ ಕೈ ಎತ್ತಿದವರಲ್ಲ.

ಸೇನೆಗಳು ಗುಂಡು ತುಂಬಿಕೊಳ್ಳುತ್ತವೆ, ಹೌದು. ಅದೇ ಹೊತ್ತಿನಲ್ಲಿ ಗಂಜಿ ಕೇಂದ್ರದವರು ಕಾಳು ತುಂಬಿಕೊಳ್ಳುತ್ತಾರೆ. ಗರ್ಭಿಣಿಯರು ಊರು ಬಿಡುತ್ತಾರೆ. ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಬರುತ್ತದೆ. ನಮ್ಮ ಹುಣಸೂರಿನವರು ವಾಪಸ್ ಬರುತ್ತಾರೆ. ಇದು ಏನೂ ಅಲ್ಲವೇನ್ರೀ?

ಕದನ ವಿರಾಮ ಅಂದರೆ ನಮ್ಮವರಿಗೆ ಈಗೀಗ ಮೈ ಉರಿಯುತ್ತದೆ. 2025ರ ಮೇ 10ರಂದು ಪಾಕಿಸ್ತಾನದ ಜೊತೆ ಗುಂಡಿನ ದಾಳಿ ನಿಂತಾಗ ನೋಡಲಿಲ್ವಾ? ಅದನ್ನು ಘೋಷಿಸಿದ ವಿದೇಶಾಂಗ ಕಾರ್ಯದರ್ಶಿಯನ್ನು, ಅವರ ಮನೆಯವರನ್ನು ಎಷ್ಟು ಹೊಲಸಾಗಿ ಬೈದರು ಅಂದರೆ, ಅವರು ತಮ್ಮ ಎಕ್ಸ್ ಖಾತೆಗೇ ಬೀಗ ಹಾಕಿಕೊಳ್ಳಬೇಕಾಯಿತು. ಬೈದವರು ಪೂಂಛ್‌ನವರಲ್ಲ. ಪೂಂಛ್‌ನಲ್ಲಿ ಶೆಲ್ ಬಿದ್ದು ಮಕ್ಕಳೂ ಸೇರಿ ಹತ್ತಕ್ಕೂ ಜಾಸ್ತಿ ಜನ ಸತ್ತಿದ್ದರು. ಗಡಿಯ ಆ ಹಳ್ಳಿಗಳಲ್ಲಿ ಅವತ್ತು ರಾತ್ರಿ ಜನ ಏನಂದರು ಅಂತ ಸ್ಟುಡಿಯೋದವರು ಯಾರಾದರೂ ಫೋನ್ ಮಾಡಿ ಕೇಳಿದರಾ? ಬೆಂಗಳೂರಿನ ಎಂಟನೇ ಮಹಡಿಯಲ್ಲಿ ಕೂತು 'ಇನ್ನೂ ಹೊಡೀಬೇಕಿತ್ತು' ಅನ್ನುವುದು ಬಹಳ ಸಲೀಸು.

ಇದರಲ್ಲಿ ಪಾಲಿಟಿಕ್ಸ್ ಇಲ್ಲವಾ ಅಂದರೆ, ಇದೆ. ಖಂಡಿತ ಇದೆ. ದಾರ್ಫುರ್‌ನಲ್ಲಿ ಚಿನ್ನ ಇದೆ. ಸುಡಾನಿನ ಚಿನ್ನದ ದೊಡ್ಡ ಪಾಲು ಹೋಗಿ ಸೇರುವುದು ಯುಎಇಗೆ. ಆರ್‌ಎಸ್‌ಎಫ್‌ಗೆ ಶಸ್ತ್ರ ಅಲ್ಲಿಂದಲೇ ಬರುತ್ತದೆ ಅನ್ನುವ ಆರೋಪ ಮೊದಲಿನಿಂದಲೂ ಇದೆ, ಯುಎಇ ಇಲ್ಲ ಅನ್ನುತ್ತದೆ. 2023ರ ಏಪ್ರಿಲ್ 22, ಖಾರ್ಟೂಮಿನಲ್ಲಿ ಜನ ಮಂಚದ ಕೆಳಗೆ ಮಲಗಿ ಈದ್‌ನ ಎರಡನೇ ದಿನ ಕಳೆಯುತ್ತಿದ್ದಾಗ, ನಮ್ಮಲ್ಲಿ ಅಕ್ಷಯ ತೃತೀಯ. ನಮ್ಮ ಬೀದಿಯ ಚಿನ್ನದಂಗಡಿ ಮುಂದೆ ಪೊಲೀಸರು ನಿಂತು ಕ್ಯೂ ಮಾಡಿಸಿದ್ದರು. ನನ್ನ ತಮ್ಮ ದುಬೈಯಲ್ಲಿರುವುದು ನಿಮಗೆ ಗೊತ್ತು. ಅವನು ತಂದುಕೊಟ್ಟ ಎರಡು ಬಳೆ ಇದನ್ನು ಟೈಪ್ ಮಾಡುವಾಗಲೂ ಕೈಯಲ್ಲಿದೆ. ಅದು ಎಲ್ಲಿಯ ಮಣ್ಣಿನದೋ ನನಗೆ ಗೊತ್ತಾಗುವ ದಾರಿಯೇ ಇಲ್ಲ, ಅಂಗಡಿಯವನಿಗೂ ಇಲ್ಲ. ಬಿಚ್ಚಿಡ್ತೀನಿ ಅಂತ ನಾಟಕವನ್ನೂ ಮಾಡಲ್ಲ. ನಮಗೇನು ಸಂಬಂಧ ಅಂತ ಮಾತ್ರ ನನ್ನ ಹತ್ತಿರ ಹೇಳಬೇಡಿ.

"ಗಾಜಾ ಬಗ್ಗೆ ಬರೆದ್ರಾ, ಉಕ್ರೇನ್ ಬಗ್ಗೆ ಬರೆದ್ರಾ" ಅಂತ ಕೆಳಗೆ ಬರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಬರೆದಿದ್ದೆ, ಆಗಲೂ ನೀವೇ ಬಂದು ಸುಡಾನ್ ಬಗ್ಗೆ ಯಾಕೆ ಬರೆಯಲ್ಲ ಅಂದಿರಿ. ತಗೊಳ್ಳಿ, ಬರೆದಿದ್ದೇನೆ.

ಸೌದಿ, ಈಜಿಪ್ಟ್, ಯುಎಇ, ಅಮೆರಿಕ. ಈ ನಾಲ್ಕೂ ದೇಶಗಳ ಜೊತೆ ನಮ್ಮ ಸರಕಾರಕ್ಕೆ ಒಳ್ಳೆಯ ಮಾತುಕತೆ ಇದೆ. ಯುಎಇ ಜೊತೆ 2022ರಲ್ಲಿ ದೊಡ್ಡ ವ್ಯಾಪಾರ ಒಪ್ಪಂದವೇ ಆಗಿದೆ. ನಮ್ಮವರು ಸಿಕ್ಕಿಕೊಂಡಿದ್ದಾಗ ಇವರಿಗೆ ಫೋನ್ ಮಾಡಿದೆವು. ನಮ್ಮವರು ಇಲ್ಲದಾಗಲೂ ಒಂದು ಫೋನ್ ಮಾಡಿ, ಶಸ್ತ್ರ ನಿಲ್ಲಿಸಿ, ಲಾರಿ ಬಿಡಿ ಅಂತ ಗಟ್ಟಿಯಾಗಿ ಹೇಳಲಿ. ಅಲ್ ಫಾಷಿರ್ ಕಥೆ ಮುಗಿಯಿತು, ಆದರೆ ಸುಡಾನಿನ ದಕ್ಷಿಣದ ಕಾದುಗ್ಲಿ ಊರಿನಲ್ಲೂ ಕ್ಷಾಮ ಅಂತ 2025ರ ನವೆಂಬರ್‌ನಲ್ಲೇ ಖಚಿತವಾಯಿತು. ಆಮೇಲೆ ಅಲ್ ಉಬೈದ್ ಇದೆ, ಅದೂ ದೊಡ್ಡ ಊರು, ಅಲ್ಲೂ ಓಡಿಬಂದವರು ತುಂಬಿದ್ದಾರೆ. ತಕಾಯದವರು ಇನ್ನೂ ಹಂಡೆ ಇಳಿಸಿಲ್ಲ. ದೇಶದ ತುಂಬ ಇಂಥ ಅಡುಗೆಮನೆ ನಡೆಸುವ 'ಎಮರ್ಜೆನ್ಸಿ ರೆಸ್ಪಾನ್ಸ್ ರೂಮ್ಸ್' ಹುಡುಗ ಹುಡುಗಿಯರಿಗೆ 2025ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಅವರಿಗೆ ಪ್ರಶಸ್ತಿಗಿಂತ ಜೋಳದ ಚೀಲ ಬೇಕು, ಆ ಚೀಲ ಊರೊಳಗೆ ಹೋಗಲು ದಾರಿ ಬೇಕು.

ಎಂಪಿಗೆ ಬರೆದ ಪತ್ರ ಕನ್ನಡದಲ್ಲೇ ಇದೆ, ಒಂದೇ ಪುಟ. ಬೈಗುಳ ಇಲ್ಲ, ಪಕ್ಷದ ಹೆಸರಿಲ್ಲ. ಬೇಕಾದವರು ಇನ್‌ಬಾಕ್ಸಿನಲ್ಲಿ ಕೇಳಿ, ಕಳಿಸುತ್ತೇನೆ. ನಿಮ್ಮ ಹೆಸರು, ನಿಮ್ಮ ಎಂಪಿ ಹೆಸರು ಬದಲಿಸಿಕೊಂಡರೆ ಆಯಿತು. ಪೋಸ್ಟಿನಲ್ಲಿ ಹಾಕಿ, ಇಮೇಲು ಅವರು ನೋಡಲ್ಲ.