ಹಡಗಿನ ಜಾತಕ, ಆಳಿನ ಲೆಕ್ಕ

ಇಂಗ್ಲೆಂಡಿನ ಪೂರ್ವ ಕರಾವಳಿಯ ಹಲ್ ನಗರದ ದಾಖಲೆ ಭಂಡಾರದಲ್ಲಿ ಹಳೆಯ ಮೀನುಗಾರಿಕೆ ಹಡಗುಗಳ ಸಿಬ್ಬಂದಿ ಪಟ್ಟಿಗಳನ್ನು 1884ರಿಂದ 1914ರವರೆಗೆ ಒಂದೊಂದಾಗಿ ಜೋಡಿಸಿ ಇಟ್ಟಿದ್ದಾರೆ. ಕೇಳಿದವರಿಗೆ ತೆಗೆದುಕೊಡುತ್ತಾರೆ. ಹೆಸರು, ವಯಸ್ಸು, ಹುಟ್ಟಿದ ಊರು, ಇದಕ್ಕೆ ಮುಂಚೆ ದುಡಿದ ಹಡಗು, ಇಲ್ಲಿ ಮಾಡುವ ಕೆಲಸ, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ, ಹೀಗೆ ಉದ್ದುದ್ದ ಗೆರೆ ಎಳೆದ ಕಾಗದ. ನಾನು ಬಿಡಿಸಿದ ಒಂದು ಹಾಳೆಯಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಒದಗಿಸುವ ಹತ್ತೊಂಬತ್ತು ವರ್ಷದ ಹುಡುಗನೊಬ್ಬನ ಸಾಲಿನ ಕೊನೆಯಲ್ಲಿ, ಬಿಟ್ಟ ಕಾರಣ ಎಂಬಲ್ಲಿ, 'ಮುಳುಗಿದ' ಎಂಬ ಒಂದೇ ಮಾತು ಇತ್ತು. ಮೇಲಿನ ಸಾಲಿನವನು ಬಿಟ್ಟ ಕಾರಣ 'ಪ್ರಯಾಣ ಮುಗಿಯಿತು' ಎಂದಿತ್ತು. ಎರಡನ್ನೂ ಬರೆದ ಕೈ ಒಂದೇ, ಶಾಯಿಯೂ ಒಂದೇ.

ನಾನು ಗಂಗೊಳ್ಳಿಯವನು. ಹದಿನಾಲ್ಕು ವರ್ಷದಿಂದ ಹಲ್‌ನಲ್ಲಿದ್ದೇನೆ. ನನ್ನ ತಂದೆ ಮಲ್ಪೆಯ ಟ್ರಾಲ್ ಬೋಟುಗಳಲ್ಲಿ, ಅಂದರೆ ಸಮುದ್ರದ ತಳದಲ್ಲಿ ಬಲೆ ಎಳೆದು ಮೀನು ಹಿಡಿಯುವ ಬೋಟುಗಳಲ್ಲಿ, ಮೊದಲು ಖಲಾಸಿಯಾಗಿ ಆಳಿನ ಕೆಲಸ ಮಾಡಿ, ಆಮೇಲೆ ಬೋಟು ನಡೆಸುವ ತಾಂಡೇಲರಾಗಿ ಆಯಸ್ಸಿನ ಬಹುಭಾಗ ಕಳೆದವರು. ಅವರು ನಡೆಸಿದ ಬೋಟುಗಳ ಬಗ್ಗೆ ನಮ್ಮ ಮನೆಯಲ್ಲಿ ಇರುವ ದಾಖಲೆ ಎಂದರೆ ಒಂದು ತಗಡಿನ ಡಬ್ಬಿಯಲ್ಲಿನ ನಾಲ್ಕು ಡೀಸೆಲ್ ಚೀಟಿ, ಐಸಿನ ಬಿಲ್ಲು, ಮತ್ತು ಯಾವುದೋ ಸಮುದ್ರಪೂಜೆಯ ದಿನ ತೆಗೆಸಿದ ಒಂದು ಮಾಸಿದ ಫೋಟೋ. ಈ ಎರಡು ಕರಾವಳಿಗಳ ರೀತಿಯನ್ನು ಪಕ್ಕಪಕ್ಕ ಇಟ್ಟು ನೋಡುವ ಚಟ ನನಗೆ ಹತ್ತಿಕೊಂಡದ್ದು ಆ ಹಾಳೆಯಿಂದ.

ಹಲ್ ಮತ್ತು ಅದರೆದುರಿನ ಗ್ರಿಮ್ಸ್‌ಬಿ ಬಂದರುಗಳು ಹಾಯಿದೋಣಿಗಳಿಂದ ಉಗಿಗೆ ತಿರುಗಿದ ಕಥೆ ಒಂದು ತಲೆಮಾರಿನಲ್ಲೇ ಮುಗಿದುಹೋಯಿತು. 1877ರಲ್ಲಿ ನಾರ್ತ್ ಶೀಲ್ಡ್ಸಿನ ವಿಲಿಯಂ ಪರ್ಡಿ ಎಂಬಾತ ಬೇರೆ ಹಡಗುಗಳನ್ನು ಎಳೆಯುವ ತನ್ನ ಚಕ್ರದ ಉಗಿದೋಣಿಗೆ ಬಲೆ ಕಟ್ಟಿ ನೋಡಿದ. 1881ರಲ್ಲಿ ಗ್ರಿಮ್ಸ್‌ಬಿಯವರಿಗಾಗಿ ಹಲ್‌ನ ಕಾರ್ಖಾನೆಯೊಂದು ಬಲೆ ಎಳೆಯುವುದಕ್ಕೆಂದೇ ಜೋಡಿಯಾಕ್ ಎಂಬ ಉಗಿ ಹಡಗನ್ನು ಕಟ್ಟಿಕೊಟ್ಟಿತು. ಗಾಳಿ ಬೀಸದ ದಿನವೂ ಬಲೆ ಎಳೆಯಬಹುದು, ಮೀನು ಕೊಳೆಯುವ ಮುಂಚೆ ದಕ್ಕೆಗೆ ಮರಳಬಹುದು ಎಂಬ ಎರಡು ಅನುಕೂಲಗಳು ಸಾಕಾಗಿದ್ದವು. ಇಪ್ಪತ್ತನೆಯ ಶತಮಾನ ಕಾಲಿಡುವ ಹೊತ್ತಿಗೆ ಹಾಯಿದೋಣಿಗಳು ಹೆಚ್ಚುಕಡಿಮೆ ಮಾರಾಟವಾಗಿ ಹೋಗಿದ್ದವು. ಅವುಗಳಲ್ಲಿ ಹಲವನ್ನು ಫರೋ ದ್ವೀಪದವರು ಕೊಂಡುಕೊಂಡರು, 1884ರಲ್ಲಿ ಗ್ರಿಮ್ಸ್‌ಬಿಯಲ್ಲಿ ಕಟ್ಟಿದ ಒಂದು ಈಗಲೂ ಅಲ್ಲಿ ಹಾಯಿ ಬಿಚ್ಚುತ್ತದೆ. ಬಲೆಯ ಬಾಯನ್ನು ಮರದ ತೊಲೆಯಿಂದ ಅಗಲಿಸಿ ಹಿಡಿಯುತ್ತಿದ್ದ ಪದ್ಧತಿ ಹೋಗಿ, ನೀರಿನ ಒತ್ತಡಕ್ಕೆ ತಾವೇ ಎಡಕ್ಕೂ ಬಲಕ್ಕೂ ಸರಿದು ಬಲೆಯನ್ನು ತೆರೆದಿಡುವ ಎರಡು ಹಲಗೆಗಳ ಉಪಾಯ ಬಂದದ್ದು 1894ರ ಸುಮಾರಿಗೆ, ಸ್ಕಾಟ್ಲೆಂಡಿನ ಗ್ರಾಂಟನ್ನಿನಿಂದ. ಮಲ್ಪೆಯ ಟ್ರಾಲ್ ಬೋಟುಗಳ ಹಿಂಬದಿಯಲ್ಲಿ ಕಬ್ಬಿಣದ ಪಟ್ಟಿ ಬಡಿದ ಎರಡು ಹಲಗೆ ತೂಗುವುದನ್ನು ನೋಡಿದವರಿಗೆ ಬೇರೆ ವಿವರಣೆ ಬೇಕಿಲ್ಲ. ನನ್ನ ತಂದೆ ಇಳಿಬಿಟ್ಟದ್ದೂ ಅದನ್ನೇ.

ಆದರೆ ಆಗಿನ ಹಲ್‌ನವರು ದುಡಿಯುತ್ತಿದ್ದ ಕ್ರಮ ನಮಗೆ ತೀರ ಅಪರಿಚಿತ. ಹತ್ತಾರು ಉಗಿ ಹಡಗುಗಳು ಒಂದು ದಂಡಾಗಿ ಉತ್ತರ ಸಮುದ್ರದ ನಡುವೆ ಆಳ ಕಡಿಮೆಯಿರುವ ಡಾಗರ್ ಬ್ಯಾಂಕಿನ ಮೇಲೆ ವಾರಗಟ್ಟಲೆ ಇದ್ದುಬಿಡುತ್ತಿದ್ದವು, ಅವುಗಳಿಗೊಬ್ಬ 'ಅಡ್ಮಿರಲ್', ಅವನು ಬಾವುಟ ಅಥವಾ ಬಾಣಬಿರುಸಿನ ಸನ್ನೆ ಮಾಡಿದಾಗ ಎಲ್ಲರೂ ಬಲೆ ಬಿಡಬೇಕು, ಎಲ್ಲರೂ ಎತ್ತಬೇಕು. ಹಿಡಿದ ಮೀನನ್ನು ಪೆಟ್ಟಿಗೆಗೆ ತುಂಬಿ, ಆ ಪೆಟ್ಟಿಗೆಗಳನ್ನು ಚಿಕ್ಕ ದೋಣಿಗಿಳಿಸಿ, ಇಬ್ಬರು ಮೂವರು ಹುಟ್ಟು ಹಾಕುತ್ತ ನಡುಗಡಲಿನ ಅಲೆಗಳ ಮೇಲೆ ಸಾಗಾಟದ ಹಡಗಿನ ಬಳಿಗೆ ಒಯ್ದು ಕೈಯಿಂದಲೇ ಎತ್ತಿಕೊಡಬೇಕಿತ್ತು. ಅದು ಅಲ್ಲಿಂದ ಲಂಡನ್ನಿನ ಬಿಲಿಂಗ್ಸ್‌ಗೇಟ್ ಮಾರುಕಟ್ಟೆಗೆ ಓಡುತ್ತಿತ್ತು. ಈ ಪೆಟ್ಟಿಗೆ ದಾಟಿಸುವ ಕೆಲಸದಲ್ಲಿ ಸತ್ತವರಿಗೆ ಲೆಕ್ಕವಿಲ್ಲ ಎನ್ನಲು ಹೊರಟೆ, ಆದರೆ ಅದು ತಪ್ಪು. ಲೆಕ್ಕ ಇದೆ, ಸಿಬ್ಬಂದಿ ಪಟ್ಟಿಯ ಆ ಕೊನೆಯ ಗೆರೆಯಲ್ಲಿ.

1904ರ ಅಕ್ಟೋಬರ್ 21ರ ರಾತ್ರಿ, ಜಪಾನಿನ ಮೇಲೆ ಯುದ್ಧಕ್ಕೆ ಹೊರಟಿದ್ದ ರಷ್ಯಾದ ನೌಕಾಪಡೆ ಇಂಥದೇ ಒಂದು ದಂಡನ್ನು ಜಪಾನಿನ ಟಾರ್ಪೆಡೊ ದೋಣಿಗಳೆಂದು ಭ್ರಮಿಸಿ ಗುಂಡಿನ ಮಳೆ ಸುರಿಸಿತು. ಮೀನು ಸೀಳುತ್ತಿದ್ದವರು ಮೊದಲಿಗೆ ಅದು ಯಾವುದೋ ಕವಾಯತು ಎಂದುಕೊಂಡಿದ್ದರಂತೆ. ಕ್ರೇನ್ ಎಂಬ ಹಡಗು ಮುಳುಗಿತು, ಅದರ ನಾಯಕ ಮತ್ತು ಒಬ್ಬ ಕೈಯಾಳು ಸತ್ತರು, ಪ್ಯಾರಿಸಿನಲ್ಲಿ ವಿಚಾರಣೆ ನಡೆದು ರಷ್ಯಾ 66,000 ಪೌಂಡ್ ಪರಿಹಾರ ತೆತ್ತಿತು. ಹೆಸಲ್ ರಸ್ತೆಯಲ್ಲಿ ಕೈ ಎತ್ತಿ ನಿಂತಿರುವ ಆ ನಾಯಕನ ಕಲ್ಲಿನ ಪ್ರತಿಮೆಯ ಮುಂದೆ ನಾನು ದಿನವೂ ಬಸ್ಸಿನಲ್ಲಿ ಹಾದುಹೋಗುತ್ತೇನೆ. 1906ರಲ್ಲಿ ನಿಲ್ಲಿಸಿದ್ದು. ಮೀನು ಹಿಡಿಯುವವನಿಗೆ ಪ್ರತಿಮೆ ಎತ್ತಿದ ಊರು ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಇದೇ.

ಅದೇ 1906ರಲ್ಲಿ ಹಲ್‌ನ ಮಗ್ಗುಲಿನ ಬೆವರ್ಲಿಯಲ್ಲಿ ಕಟ್ಟಿದ ವಯೋಲಾ ಎಂಬ ಉಗಿ ಟ್ರಾಲರ್ ಇನ್ನೂ ಇದೆ. ಅದರ ಒಡೆಯರಾದ ಹೆಲ್ಯರ್ ಕಂಪನಿಯವರು ತಮ್ಮ ಹಡಗುಗಳಿಗೆಲ್ಲ ಶೇಕ್ಸ್‌ಪಿಯರ್‌ನ ಪಾತ್ರಗಳ ಹೆಸರಿಡುತ್ತಿದ್ದರು. ಹಡಗು ಒಡೆದರೂ ಬದುಕಿ ದಡ ಸೇರುವವಳು ವಯೋಲಾ, ಹೆಸರಿಟ್ಟವರಿಗೆ ಆಗ ಅದು ಹೊಳೆದಿತ್ತೋ ಇಲ್ಲವೋ. ಎಂಟು ವರ್ಷ ಡಾಗರ್ ಬ್ಯಾಂಕಿನಲ್ಲಿ ಮೀನು ಹಿಡಿದ ಮೇಲೆ ಮೊದಲ ಮಹಾಯುದ್ಧ ಬಂತು, ನೌಕಾಪಡೆ ಅದನ್ನು ಕಾವಲಿಗೆ ತೆಗೆದುಕೊಂಡಿತು, 1918ರಲ್ಲಿ ಎರಡು ಜರ್ಮನ್ ಜಲಾಂತರ್ಗಾಮಿಗಳ ನಾಶದಲ್ಲಿ ಅದರ ಪಾಲಿತ್ತು. ಯುದ್ಧ ಮುಗಿದೊಡನೆ ನಾರ್ವೆಗೆ ಮಾರಾಟ. ಅಲ್ಲಿ ಹೆಸರು ಬದಲಾಯಿತು, ಇನ್ನೊಮ್ಮೆ ಬದಲಾಗಿ ದಿಯಾಸ್ ಆಯಿತು, ಬಲೆಯ ಜಾಗದಲ್ಲಿ ತಿಮಿಂಗಿಲ ಹೊಡೆಯುವ ಬಂದೂಕು ಬಂತು. 1927ರಲ್ಲಿ ಅರ್ಜೆಂಟೀನಾದ ಕಂಪನಿಯೊಂದರ ಕೈಸೇರಿ ದಕ್ಷಿಣ ಜಾರ್ಜಿಯಾ ದ್ವೀಪದ ಗ್ರಿಟ್ವಿಕನ್ನಿಗೆ ಹೋಯಿತು, ಸೀಲ್ ಬೇಟೆಗಾರರನ್ನು ಹೊತ್ತಿತು, ಇನ್ನೂ ತೆಂಕಣದ ಹವಾಮಾನ ಕೇಂದ್ರಕ್ಕೆ ಸಾಮಾನು ಸಾಗಿಸಿತು. 1960ರ ದಶಕದಲ್ಲಿ ಆ ತಿಮಿಂಗಿಲ ಕೇಂದ್ರ ಮುಚ್ಚಿದಾಗ ಅಲ್ಲೇ ಕಟ್ಟಿಹಾಕಿ ಬಿಟ್ಟುಬಂದರು. ಮುಂದೆ ಅದು ಕಟ್ಟಿದಲ್ಲೇ ನೀರಲ್ಲಿ ಕುಳಿತಿತು, 2004ರಲ್ಲಿ ಎತ್ತಿ ದಡಕ್ಕೆ ತಂದರು, ಒಳಗಿನ ಉಗಿಯಂತ್ರ ಇಂದಿಗೂ ಒಳಗೇ ಇದೆ. ಅದನ್ನು ಹಲ್‌ಗೆ ಮರಳಿ ತರಬೇಕೆಂದು ಇಲ್ಲಿನವರು ಒಂದು ಸಂಘ ಕಟ್ಟಿಕೊಂಡು ಹಣ ಸೇರಿಸಲು ಹೊರಟವರು. ಅದರ ಗಂಟೆ ನಾರ್ವೆಯಲ್ಲಿ ಸಿಕ್ಕಿ, ಹಡಗಿಗಿಂತ ಮೊದಲೇ ಊರು ಮುಟ್ಟಿತು.

ಒಂದು ಹಡಗಿನ ಜಾತಕವನ್ನು ನಾನು ಇಷ್ಟು ನೆಮ್ಮದಿಯಾಗಿ ಹೇಳಲು ಸಾಧ್ಯವಾದದ್ದು ಎಲ್ಲವೂ ಬರವಣಿಗೆಯಲ್ಲಿ ಇರುವುದರಿಂದ. ಯಾರು ಕಟ್ಟಿದರು, ಯಾವ ದಿನ ನೀರಿಗಿಳಿಸಿದರು, ಯಂತ್ರ ಯಾರದ್ದು, ಯಾರಿಂದ ಯಾರಿಗೆ ಮಾರಿದರು, ಎಲ್ಲಿ ಬಂಡೆಗೆ ಬಡಿಯಿತು, ಎಲ್ಲಿ ಗುಜರಿಗೆ ಹೋಯಿತು, ಇದೆಲ್ಲ ನೋಂದಣಿಯ ಪುಸ್ತಕದಲ್ಲಿ ಉಂಟು. ಪುಸ್ತಕದಲ್ಲಿ ಇಲ್ಲದ್ದನ್ನು ನಿವೃತ್ತಿಯ ನಂತರ ಇದನ್ನೇ ಹವ್ಯಾಸ ಮಾಡಿಕೊಂಡ ಹಿರಿಯರು ಹುಡುಕಿ ಸೇರಿಸುತ್ತಾರೆ. ಮೊದಲ ಮಹಾಯುದ್ಧದಲ್ಲಿ ನೌಕಾಪಡೆ ತಾನೇ ಕಟ್ಟಿಸಿದ ನೂರಾರು ಟ್ರಾಲರುಗಳಿಗೆ, 1805ರ ಟ್ರಫಾಲ್ಗರ್ ಕಾಳಗದಲ್ಲಿ ವಿಕ್ಟರಿ ಮತ್ತು ರಾಯಲ್ ಸಾವರಿನ್ ಹಡಗುಗಳಲ್ಲಿದ್ದ ಸಾಮಾನ್ಯ ನಾವಿಕರ ಹಾಜರಿ ಪಟ್ಟಿಯಿಂದ ಹೆಸರು ತೆಗೆದು ಇಟ್ಟಿತು. ನೂರು ವರ್ಷ ಹಿಂದಿನ ಹಾಜರಿ ಪುಸ್ತಕ ಕೈಗೆ ಸಿಗುವ ದೇಶದಲ್ಲಿ ಮಾತ್ರ ಇಂಥ ಆಲೋಚನೆ ಹುಟ್ಟಬಲ್ಲದು. ನಮ್ಮಲ್ಲಿಯೂ ಬೋಟಿಗೆ ನೋಂದಣಿ ಸಂಖ್ಯೆ ಇದೆ, ಇಲಾಖೆಯ ಕಡತ ಇದೆ. ಆದರೆ ಬೋಟು ಒಡೆದ ದಿನವೇ ಅದರ ಕಥೆಯೂ ಮುಗಿಯುತ್ತದೆ. ಕಟ್ಟಿದ ಆಚಾರಿಯ ಹೆಸರು ಅವನ ಮೊಮ್ಮಗನಿಗೂ ನೆನಪಿರುವುದಿಲ್ಲ.

ಇಷ್ಟರಲ್ಲಿ ನಿಲ್ಲಿಸಿದ್ದರೆ ಹೊರನಾಡಿಗೆ ಹೋದವನು ಅಲ್ಲಿನದೆಲ್ಲ ಚಂದ ಎನ್ನುವ ಹಳೆಯ ರಾಗವಾಗುತ್ತಿತ್ತು. ನನ್ನ ಬೀದಿಯಲ್ಲಿ ಒಬ್ಬ ಅಜ್ಜ ಇದ್ದರು, ಹದಿನೈದನೆಯ ವಯಸ್ಸಿಗೆ ಹಡಗು ಹತ್ತಿದವರು. ಐಸ್‌ಲ್ಯಾಂಡ್, ಬೇರೆಂಟ್ಸ್ ಸಮುದ್ರದ ಕಡೆಗೆ ಮೂರು ವಾರದ ಪ್ರಯಾಣ, ಮಧ್ಯೆ ಮನೆಯಲ್ಲಿ ಎರಡು ಮೂರು ದಿನ, ಮತ್ತೆ ಹಡಗು; ಕೈತುಂಬ ಹಣದೊಂದಿಗೆ ಇಳಿದವರನ್ನು ಊರು 'ಮೂರು ದಿನದ ಲಕ್ಷಾಧೀಶರು' ಎಂದು ಕರೆಯುತ್ತಿತ್ತು. ಕಲ್ಲಿದ್ದಲಿನ ಕಾಲದ ಹಡಗುಗಳಲ್ಲಿ ಹೋಗುವಾಗ ಮೀನಿನ ಕೋಣೆಯಲ್ಲೂ ಕಲ್ಲಿದ್ದಲು ತುಂಬಿಕೊಂಡು, ಅದು ಉರಿದು ಖಾಲಿಯಾದ ಮೇಲೆ ತೊಳೆದು ಮೀನು ತುಂಬುತ್ತಿದ್ದರೆಂದು ಅವರಿಂದಲೇ ಕೇಳಿದ್ದು. ದಿನಕ್ಕೆ ಹದಿನೆಂಟು ಗಂಟೆ ಬಯಲು ಡೆಕ್ಕಿನ ಮೇಲೆ ನಿಂತು ಕಾಡ್ ಮೀನಿನ ಹೊಟ್ಟೆ ಸೀಳಬೇಕು, ಕರುಳು ಬಿಸಾಡಬೇಕು, ಪಿತ್ತಜನಕಾಂಗವನ್ನು ಬುಟ್ಟಿಗೆ ಹಾಕಬೇಕು. ಅದನ್ನು ಹಡಗಿನ ಹಿಂಭಾಗದಲ್ಲೇ ಕುದಿಸಿ ಎಣ್ಣೆ ತೆಗೆಯುತ್ತಿದ್ದರು, ಆ ಎಣ್ಣೆಯ ಹಣದಲ್ಲಿ ಆಳುಗಳಿಗೆ ಚಿಕ್ಕ ಪಾಲು. ಅವರ ಬಲಗೈಯ ಎರಡು ಬೆರಳು ಪೂರ್ತಿ ಮಡಚುತ್ತಿರಲಿಲ್ಲ, ಚಹಾದ ಬಟ್ಟಲನ್ನು ಅಂಗೈಯಿಂದ ಒತ್ತಿ ಹಿಡಿಯುತ್ತಿದ್ದರು.

ಇಷ್ಟು ದುಡಿದ ಮನುಷ್ಯ ಕಾನೂನಿನ ಕಣ್ಣಿಗೆ ಹಂಗಾಮಿ ಕೂಲಿ. ಪ್ರತಿ ಪ್ರಯಾಣಕ್ಕೂ ಹೊಸದಾಗಿ ಸಹಿ, ಪ್ರಯಾಣ ಮುಗಿದರೆ ನಂಟೂ ಮುಗಿಯಿತು. ಮೂರು ದಶಕ ಒಂದೇ ಕಂಪನಿಯ ಹಡಗುಗಳಲ್ಲಿ ಹೋದರೂ ಅಷ್ಟೇ. 1958ರಿಂದ 1976ರವರೆಗೆ ಐಸ್‌ಲ್ಯಾಂಡ್ ತನ್ನ ಮೀನುಗಾರಿಕೆಯ ಗಡಿಯನ್ನು 12, 50, ಕೊನೆಗೆ 200 ಮೈಲಿಗೆ ಹಿಗ್ಗಿಸಿದ ಮೂರು ಜಗಳಗಳಲ್ಲಿ ಹಲ್‌ನ ದೂರಸಮುದ್ರದ ಉದ್ಯಮ ನೆಲ ಕಚ್ಚಿತು. ಹಡಗುಗಳು ಗುಜರಿಗೆ ಹೋದವು. ಆಳುಗಳು ಮನೆಗೆ ಹೋದರು, ಹಂಗಾಮಿಗಳಾದ್ದರಿಂದ ಕೆಲಸ ಕಳೆದುಕೊಂಡದ್ದಕ್ಕೆ ಪರಿಹಾರವಿಲ್ಲ ಎಂಬ ಉತ್ತರ ಹೊತ್ತು. ಸರ್ಕಾರ ತಪ್ಪನ್ನು ತಿದ್ದಿ ಪರಿಹಾರದ ಯೋಜನೆ ತಂದದ್ದು 2000ದಲ್ಲಿ. ಅಷ್ಟರಲ್ಲಿ ಹಲವರು ತೀರಿಹೋಗಿದ್ದರು. ಯಾವ ಹಡಗು ಯಾವ ಗುಜರಿ ಅಂಗಳದಲ್ಲಿ ತುಂಡಾಯಿತು ಎಂದು ತಾರೀಕು ಸಮೇತ ಹೇಳಬಲ್ಲ ಊರು, ಅದೇ ಹಡಗಿನ ಆಳಿಗೆ ತಾನು ಎಷ್ಟು ವರ್ಷ ದುಡಿದೆನೆಂದು ರುಜುವಾತು ಮಾಡಲು ಕಾಗದ ತಾ ಎಂದಿತು. ಇದನ್ನು ಹೇಳುವಾಗ ಅಜ್ಜನಿಗೆ ಸಿಟ್ಟಿರಲಿಲ್ಲ, ನನಗೆ ಬಂತು.

ಪಾಲಿನ ವಿಚಾರದಲ್ಲಿ ನಮ್ಮ ಕರಾವಳಿಯ ರೀತಿ ಮೇಲು ಎಂದೇ ನನ್ನ ಅಭಿಪ್ರಾಯ. ದಡಕ್ಕೆ ಎಳೆಯುವ ದೊಡ್ಡ ಬಲೆಯಾದ ರಂಪಣಿಯ ಕಾಲದಲ್ಲಿ ಬಲೆ ಎಳೆದ ಊರಿಗೆ ಊರೇ ಪಾಲಿಗೆ ನಿಲ್ಲುತ್ತಿತ್ತು. ಟ್ರಾಲ್ ಬೋಟು ಬಂದ ಮೇಲೂ ಡೀಸೆಲ್, ಐಸು, ರೇಷನ್ ಖರ್ಚು ಕಳೆದು ಉಳಿದದ್ದರಲ್ಲಿ ತಾಂಡೇಲನಿಂದ ಅಡುಗೆಯವನವರೆಗೆ ಪಾಲು ಇರುವ ಪದ್ಧತಿ ಉಳಿದುಕೊಂಡಿತು. ಹಲ್‌ನಲ್ಲೂ ಪಾಲು ಇತ್ತು, ಆದರೆ ಅದರ ಲೆಕ್ಕದ ಪುಸ್ತಕ ಕಂಪನಿಯ ಕಚೇರಿಯಲ್ಲಿತ್ತು. ಪೂರ್ತಿ ಪಾಲನ್ನೇ ನಂಬಿದ ನಾಯಕನೊಬ್ಬ ಬೆಲೆ ಬಿದ್ದ ದಿನ ಇಳಿದರೆ ಮೂರು ವಾರ ದುಡಿದು ಸಾಲಗಾರನಾಗಿ ಮನೆಗೆ ಹೋಗುವುದಿತ್ತು. ನಮ್ಮಲ್ಲಿ ಬೋಟಿನ ಮಾಲೀಕನೂ ಖಲಾಸಿಯೂ ಒಂದೇ ಕೇರಿಯವರು, ಒಂದೇ ಗುಡಿಯ ಎದುರು ಕೈಮುಗಿಯುವವರು. ದುಡ್ಡು ಹಂಚುವಾಗ ಮುಖ ನೋಡಬೇಕಾಗುತ್ತಿತ್ತು. 'ಆಗುತ್ತಿತ್ತು' ಎಂದು ಬರೆಯಲು ಕಾರಣವಿದೆ. ಈಗ ಮಲ್ಪೆ, ಮಂಗಳೂರಿನ ದಕ್ಕೆಗಳಲ್ಲಿ ದುಡಿಯುವವರಲ್ಲಿ ಒಡಿಶಾ, ಜಾರ್ಖಂಡ್, ಆಂಧ್ರದ ಹುಡುಗರೇ ಬಹಳ. ಅವರ ಮುಖ ನೋಡಬೇಕಾದವರು ಸಾವಿರ ಮೈಲಿ ದೂರ ಇದ್ದಾರೆ.

ನಮ್ಮ ಸಮುದ್ರಕ್ಕೂ ಉಗಿ ಟ್ರಾಲರ್ ಬಂದಿತ್ತು ಎಂಬುದು ನನಗೆ ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು. ಆಗ ಉತ್ತರ ಕನ್ನಡ ಮುಂಬಯಿ ಆಡಳಿತದಲ್ಲೂ ದಕ್ಷಿಣ ಕನ್ನಡ ಮದ್ರಾಸಿನ ಆಡಳಿತದಲ್ಲೂ ಇದ್ದವು. ಮುಂಬಯಿ ಸರ್ಕಾರ 1921-22ರಲ್ಲಿ ವಿಲಿಯಂ ಕ್ಯಾರಿಕ್ ಎಂಬ ಹಡಗನ್ನು, ಮದ್ರಾಸ್ ಸರ್ಕಾರ 1927ರಿಂದ ಲೇಡಿ ಗೋಶೆನ್ ಎಂಬುದನ್ನು ಇಟ್ಟುಕೊಂಡು ಮೀನಿನ ನೆಲೆ ಹುಡುಕಿದವು. ಬಂಗಾಳದವರು ಇನ್ನೂ ಮುಂಚೆ, 1908ರಲ್ಲೇ, ಗೋಲ್ಡನ್ ಕ್ರೌನ್ ಎಂಬುದನ್ನು ಬಳಸಿದ್ದರು. ಯಾವುದೂ ನೆಲೆನಿಲ್ಲಲಿಲ್ಲ. ಹೀಗಾಗಿ ನಾವು ಉಗಿಯ ಕಾಲವನ್ನು ದಾಟದೆಯೇ ಪಾತಿದೋಣಿಯಿಂದ ಡೀಸೆಲ್ ಬೋಟಿಗೆ ಹಾರಿದೆವು. 1953ರಲ್ಲಿ ಕೊಲ್ಲಂ ಬಳಿ ಶುರುವಾಗಿ ಮುಂದೆ ಕಾರವಾರಕ್ಕೂ ಬಂದ ನಾರ್ವೆಯವರ ಯೋಜನೆ ಆ ಹಾರಿಕೆಗೆ ಆಸರೆಯಾಯಿತು. ಹಲ್‌ನ ಹಳೆಯ ಉಗಿ ಹಡಗನ್ನು ಕೊಂಡವರೂ ನಾರ್ವೆಯವರೇ ಎಂಬುದನ್ನು ನೆನೆದು ನಾನು ಒಬ್ಬನೇ ನಕ್ಕಿದ್ದೇನೆ.

ಒಂದು ವಿಷಯದಲ್ಲಿ ಮಾತ್ರ ಎರಡು ಊರುಗಳೂ ಒಂದೇ. 1955ರ ಜನವರಿ 26ರಂದು ಲೊರೆಲ್ಲಾ, ರೊಡೆರಿಗೊ ಎಂಬ ಎರಡು ಉಗಿ ಟ್ರಾಲರುಗಳು ಐಸ್‌ಲ್ಯಾಂಡಿನ ಬಡಗಣ ಸಮುದ್ರದಲ್ಲಿ ಮುಳುಗಿದವು. ಹಾರಿದ ನೀರು ಕಂಬ, ಹಗ್ಗ, ಕಟಾಂಜನದ ಮೇಲೆಲ್ಲ ಹೆಪ್ಪುಗಟ್ಟಿ, ಕೊಡಲಿಯಿಂದ ಕಡಿದಷ್ಟೂ ಮತ್ತೆ ಕಟ್ಟಿ, ಮೇಲ್ಭಾರ ಹೆಚ್ಚಿ ಹಡಗು ಮಗುಚಿತು. ನಲವತ್ತು ಜನ. ಅವರ ಕೊನೆಯ ಮಾತನ್ನು ಉಳಿದ ಹಡಗುಗಳು ರೇಡಿಯೊದಲ್ಲಿ ಕೇಳಿದವು. 1968ರ ಚಳಿಗಾಲದಲ್ಲಿ ಕೆಲವೇ ವಾರಗಳಲ್ಲಿ ಹಲ್‌ನ ಮೂರು ಟ್ರಾಲರುಗಳು, 58 ಜನ ಹೋದಾಗ, ಲಿಲಿಯನ್ ಬಿಲೋಕಾ ಎಂಬ ಮೀನು ಕಾರ್ಖಾನೆಯ ಕೆಲಸದಾಕೆ ಮತ್ತು ಆಕೆಯ ಜೊತೆಗಾತಿಯರು 10,000 ಸಹಿ ಕೂಡಿಸಿ, ರೇಡಿಯೊ ನಡೆಸುವವನಿಲ್ಲದೆ ಒಂದು ಹಡಗೂ ಹೊರಡಕೂಡದು ಎಂದು ದಕ್ಕೆಯಲ್ಲಿ ಅಡ್ಡ ನಿಂತರು. ಬೇಡಿಕೆ ಈಡೇರಿತು, ಬಿಲೋಕಾಳ ಕೆಲಸ ಹೋಯಿತು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಏಳು ಜನರೊಂದಿಗೆ ಕಾಣೆಯಾದಾಗ ನಾನು ಇಲ್ಲಿಂದ ರಾತ್ರಿಯೆಲ್ಲ ಊರಿನ ಸುದ್ದಿ ನೋಡುತ್ತಿದ್ದೆ. ಜನವರಿಯಲ್ಲಿ ಉಡುಪಿಯಲ್ಲಿ ಮೀನುಗಾರರು ಹೆದ್ದಾರಿ ತಡೆದರು. ಮೇ ತಿಂಗಳಲ್ಲಿ ನೌಕಾಪಡೆಯ ನಿರೀಕ್ಷಕ್ ಹಡಗು ಮಹಾರಾಷ್ಟ್ರದ ಮಾಲ್ವಣದಾಚೆಯ ಸಮುದ್ರದಡಿಯಲ್ಲಿ ಬೋಟಿನ ಅವಶೇಷವನ್ನು ಕಂಡುಹಿಡಿಯಿತು. ಆ ಏಳು ಹೆಸರುಗಳು ಪತ್ರಿಕೆಗಳಲ್ಲಿ ಬಂದವು, ಆದ್ದರಿಂದ ಉಳಿದವು. ಅದಕ್ಕೂ ಹಿಂದೆ ಗಂಗೊಳ್ಳಿ, ಮರವಂತೆ, ಭಟ್ಕಳದಿಂದ ಹೊರಟು ಬಾರದವರ ಹೆಸರುಗಳು ಅವರವರ ಮನೆಯ ಶ್ರಾದ್ಧದ ದಿನಕ್ಕಷ್ಟೇ ಗೊತ್ತು.

ಮೀನುಗಾರರ ಸಂಘಗಳು ಮಳೆಗಾಲದ ರಜೆಯ ಎರಡು ತಿಂಗಳಲ್ಲಿ ಬೋಟುಗಳಿಗೆ ಬಣ್ಣ ಬಳಿಯುವಾಗ ಪ್ರತಿ ಬೋಟಿಗೂ ಒಂದು ಉದ್ದ ಪುಸ್ತಕ ಮಾಡಬಹುದು: ಕಟ್ಟಿದ ಆಚಾರಿ, ಕಟ್ಟಿದ ಜಾಗ, ಎಂಜಿನ್ ಬದಲಿಸಿದ ವರ್ಷ, ತಾಂಡೇಲರು, ಖಲಾಸಿಗಳು, ಒಡಿಶಾದ ಹುಡುಗನಾದರೆ ಅವನ ಊರು, ತಾಲ್ಲೂಕು, ಮನೆಯ ಫೋನು. ಗೆರೆ ಎಳೆದ ಕಾಗದಕ್ಕೆ ದೊಡ್ಡ ಖರ್ಚಿಲ್ಲ. ಹೋದ ತಿಂಗಳು ತಮ್ಮನಿಗೆ ಫೋನು ಮಾಡಿ, ಅಪ್ಪ ಕೊನೆಗೆ ನಡೆಸಿದ ಬೋಟಿನ ನಂಬರು ಎಷ್ಟು ಎಂದು ಕೇಳಿದೆ. ಅವನಿಗೆ ನೆನಪಿರಲಿಲ್ಲ. ಎಂಜಿನ್ ಬಿಚ್ಚಿ ಭಟ್ಕಳದ ಕಡೆಯವರಿಗೆ ಕೊಟ್ಟರಂತೆ, ಮರವನ್ನು ಯಾರೋ ಸೌದೆಗೆ ಒಯ್ದರಂತೆ, ಒಂದು ಹಲಗೆ ಮಾತ್ರ ನಮ್ಮ ಬಾವಿಕಟ್ಟೆಯ ಹತ್ತಿರ ಬಟ್ಟೆ ಒಗೆಯುವ ಜಾಗದಲ್ಲಿ ಬಿದ್ದಿದೆ. ಅದನ್ನು ಮಗುಚಿ ನೋಡು ಎಂದೆ. ಸ್ವಲ್ಪ ಹೊತ್ತು ಬಿಟ್ಟು ಫೋಟೋ ಕಳಿಸಿದ: ಪಾಚಿಯ ಕೆಳಗೆ ನೀಲಿ ಬಣ್ಣ, ನೀಲಿಯ ಮೇಲೆ ಬಿಳಿಯಲ್ಲಿ ಬರೆದ ಒಂದು ಏಳು, ಅದರ ಪಕ್ಕ ಮೂರೋ ಎಂಟೋ.