ಬೆವರು ಸುರಿಸಲು ಒಂದು ಜಾಗ

ತೂಕ ಇಳಿಸಬೇಕು ಅಂತ ತೀರ್ಮಾನ ಮಾಡಿದ ಮನುಷ್ಯ ಮೊದಲು ಮಾಡುವ ಕೆಲಸ ಬೆವರು ಸುರಿಸುವುದಲ್ಲ, ಬೆವರು ಸುರಿಸೋಕೆ ಜಾಗ ಹುಡುಕುವುದು. ಹತ್ತಿರದಲ್ಲಿ ಜಿಮ್ ಇದೆಯಾ, ಈಜುಕೊಳಕ್ಕೆ ಎಷ್ಟು ದೂರ, ಯೋಗದ ಕ್ಲಾಸು ಎಷ್ಟೊತ್ತಿಗೆ, ಪಾರ್ಕಿನ ಗೇಟು ಬೆಳಿಗ್ಗೆ ಯಾವಾಗ ತೆಗೆಯುತ್ತಾರೆ? ಈ ವಿಚಾರಣೆ ಆರಾಮಾಗಿ ತಿಂಗಳುಗಟ್ಟಲೆ ನಡೆಯುತ್ತದೆ. ಅಷ್ಟರಲ್ಲಿ ತೂಕ ಇನ್ನಷ್ಟು ಏರಿರುತ್ತದೆ. ಪರವಾಗಿಲ್ಲ, ಕೆಲಸ ಶುರುವಾಗಿದೆ ಅನ್ನುವ ಸಮಾಧಾನ ಇರುತ್ತದಲ್ಲ.

ಸಲಹೆಗಂತೂ ಬರವಿಲ್ಲ. ಜಿಮ್‌ಗೆ ಹೋಗುವವರು ಜಿಮ್ ಬಿಟ್ಟರೆ ಬೇರೆ ಗತಿಯಿಲ್ಲ ಅನ್ನುತ್ತಾರೆ. ಓಡುವವರಿಗೆ ನಡೆಯುವವರನ್ನು ಕಂಡರೆ ಕನಿಕರ. ಈಜುವವರು ಇಬ್ಬರನ್ನೂ ನೋಡಿ 'ಮಂಡಿ ಹುಷಾರು' ಅನ್ನುತ್ತಾರೆ. ಯೋಗ ಮಾಡುವವರು ಏನೂ ಅನ್ನುವುದಿಲ್ಲ, ಸುಮ್ನೆ ನಗುತ್ತಾರೆ. ಚುಚ್ಚುವುದು ಆ ನಗುವೇ ಜಾಸ್ತಿ.

ಎಲ್ಲ ವಿಚಾರಿಸಿದ ಮೇಲೆ ಸಾಮಾನ್ಯವಾಗಿ ಮೊದಲು ಸೇರುವುದು ಜಿಮ್‌ಗೇ. ಹೊಸ ಶೂ, ಹೊಸ ಬಾಟಲಿ, ಹೊಸ ಟವೆಲ್. ವರ್ಷದ ದುಡ್ಡು ಒಟ್ಟಿಗೆ ಕಟ್ಟಿದರೆ ಲಾಭ ಅಂತ ಕೌಂಟರಿನಲ್ಲಿ ಕೂತವರು ಹೇಳುತ್ತಾರೆ. ಆ ಗಳಿಗೆಯಲ್ಲಿ ನಮಗೆ ನಮ್ಮ ಮೇಲೆ ಎಂಥ ನಂಬಿಕೆ ಅಂತೀರಿ! ಮಳೆ ಬರಲಿ, ನಿದ್ದೆ ಬರಲಿ, ದಿನಾ ಬಂದೇ ಬರುತ್ತೇವೆ ಅಂದುಕೊಂಡೇ ಸಹಿ ಹಾಕುತ್ತೇವೆ. ಈ ನಂಬಿಕೆಯ ಲೆಕ್ಕವನ್ನು ಅಮೆರಿಕದಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ತೆಗೆದಿದ್ದಾರೆ. 2006ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ತಿಂಗಳ ಚಂದಾ ಕಟ್ಟಿದವರು ತಿಂಗಳಿಗೆ ಸರಾಸರಿ 4 ಸಲಕ್ಕಿಂತ ತುಸು ಹೆಚ್ಚು ಜಿಮ್‌ಗೆ ಹೋಗುತ್ತಿದ್ದರು, ಅಷ್ಟೇ. ಹೋದ ದಿನಕ್ಕೆ ಮಾತ್ರ ದುಡ್ಡು ಕೊಟ್ಟಿದ್ದರೆ ಅವರಲ್ಲಿ ಹೆಚ್ಚಿನವರಿಗೆ ಕಡಿಮೆಯಲ್ಲಿ ಮುಗಿಯುತ್ತಿತ್ತು. ನನಗೆ ತುಂಬ ಇಷ್ಟವಾದ ವಿವರ ಇನ್ನೊಂದಿದೆ. ಕೊನೆಯ ಸಲ ಜಿಮ್‌ಗೆ ಹೋಗಿದ್ದಕ್ಕೂ ಸದಸ್ಯತ್ವ ರದ್ದು ಮಾಡಿಸಿದ್ದಕ್ಕೂ ನಡುವೆ ಸರಾಸರಿ 2 ತಿಂಗಳಿಗಿಂತ ಜಾಸ್ತಿ ಅಂತರ. ಅಷ್ಟು ದಿನ ಅವರು ಕೊಟ್ಟಿದ್ದು 'ನಾಳೆಯಿಂದ ಹೋಗುತ್ತೇನೆ' ಅನ್ನುವ ಮಾತಿನ ಬಾಡಿಗೆ.

ಹಾಗಂತ ನಾನು ಜಿಮ್‌ನ ವಿರೋಧಿಯಲ್ಲ. ವಯಸ್ಸಾದಂತೆ ಸ್ನಾಯು ಕರಗುತ್ತದೆ, ಅದನ್ನು ಉಳಿಸಿಕೊಳ್ಳೋಕೆ ಭಾರ ಎತ್ತಲೇಬೇಕು. ವಾರಕ್ಕೆ ಕನಿಷ್ಠ 2 ದಿನ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ನನ್ನ ತಕರಾರು ಒಂದೇ. ಅಲ್ಲಿ ನೀವು ಹೋಗದಿದ್ದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಟ್ರೆಡ್‌ಮಿಲ್ ಮುನಿಸಿಕೊಳ್ಳುವುದಿಲ್ಲ. ಡಂಬೆಲ್ ಫೋನ್ ಮಾಡುವುದಿಲ್ಲ.

ಪಾರ್ಕಿನ ಕಥೆ ಬೇರೆ. ಅಲ್ಲಿ ಜೋಡಿಗಳಿರುತ್ತವೆ. ಪ್ರೇಮಿಗಳ ಮಾತಲ್ಲ, ವಾಕಿಂಗ್ ಜೋಡಿಗಳದ್ದು. ಬೆಳಿಗ್ಗೆ ಅದೇ ಗೇಟಿನ ಹತ್ತಿರ ಸೇರಿ, ಅದೇ ದಾರಿಯಲ್ಲಿ ಸುತ್ತು ಹಾಕುತ್ತಾ, ಅಲ್ಲಿಲ್ಲದ ಮೂರನೆಯವರ ಬಗ್ಗೆ ಮಾತಾಡುವವರು. ಇದನ್ನು ಹರಟೆ ಅಂತ ತಳ್ಳಿಹಾಕಬೇಡಿ. ವ್ಯಾಯಾಮ ಎಷ್ಟು ಬಿರುಸಾಗಿದೆ ಅಂತ ತಿಳಿಯೋಕೆ ವೈದ್ಯರು ಒಪ್ಪುವ ಸುಲಭದ ಪರೀಕ್ಷೆಯೇ ಇದು. ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ಹಾಗಿದ್ದರೆ ವೇಗ ಹದವಾಗಿದೆ ಅಂತ ಅರ್ಥ. ನಡುನಡುವೆ ಉಸಿರು ತೆಗೆದುಕೊಳ್ಳದೆ ಮಾತೇ ಹೊರಡದಿದ್ದರೆ ಜೋರಾಯಿತು. ಅಲ್ಲಿಗೆ ನೆರೆಹೊರೆಯ ಸುದ್ದಿಯನ್ನು ಪೂರ್ತಿ ಹೇಳಿ ಮುಗಿಸುವ ಜೋಡಿ ಸರಿಯಾದ ವೇಗದಲ್ಲೇ ಇದೆ. ಹಾಡು ಗುನುಗುತ್ತಾ ಹೋಗುವವರು ಮಾತ್ರ ಸ್ವಲ್ಪ ಬಿರುಸಾಗಿ ಹೆಜ್ಜೆ ಹಾಕಬೇಕು.

ಇಂಥ ಹದವಾದ ನಡಿಗೆ ವಾರಕ್ಕೆ 150ರಿಂದ 300 ನಿಮಿಷ ಆದರೆ ಒಳ್ಳೆಯದು ಎನ್ನುತ್ತವೆ 2020ರ ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಗಳು. ಮೊದಲು ಒಂದು ಸಲಕ್ಕೆ ಕನಿಷ್ಠ 10 ನಿಮಿಷವಾದರೂ ನಡೆಯಬೇಕು ಅನ್ನುವ ಷರತ್ತಿತ್ತು. ಈಗ ಅದನ್ನೂ ತೆಗೆದುಹಾಕಿದ್ದಾರೆ. ಚೂರುಪಾರು ನಡೆದದ್ದೂ ಲೆಕ್ಕಕ್ಕೆ ಬರುತ್ತದೆ. ಸೋಮಾರಿಗಳ ಪರವಾಗಿ ಇಷ್ಟು ದೊಡ್ಡ ತೀರ್ಪು ಬಂದದ್ದು ಯಾರೂ ಸಂಭ್ರಮಿಸಲೇ ಇಲ್ಲ, ನೋಡಿ.

ಆದರೆ ತೂಕದ ವಿಷಯದಲ್ಲಿ ನಡಿಗೆ ಬೇಗ ಒಲಿಯುವುದಿಲ್ಲ. ಮೈಯ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಅಡಗಿರುತ್ತದೆ. 70 ಕಿಲೋ ತೂಗುವವರು ಒಂದು ಕಿಲೋಮೀಟರ್ ನಡೆದರೆ ಖರ್ಚಾಗುವುದು 50 ಕ್ಯಾಲೊರಿಯ ಆಸುಪಾಸು. ಭಾಗಿಸಿ ನೋಡಿ, ಒಂದು ಕಿಲೋ ಇಳಿಯೋಕೆ ಹೆಚ್ಚುಕಡಿಮೆ 150 ಕಿಲೋಮೀಟರ್. ಅದೂ ವಾಕಿಂಗ್ ಮುಗಿಸಿ ಬಂದು, ಇಷ್ಟು ನಡೆದಿದ್ದೇನಲ್ಲ ಅಂತ ಎರಡು ತುತ್ತು ಜಾಸ್ತಿ ತಿನ್ನದಿದ್ದರೆ. ಇನ್ನೊಂದು ತಮಾಷೆ ಅಂದರೆ ಕರಗಿದ ಕೊಬ್ಬು ಹೋಗುವುದು ಬೆವರಾಗಿ ಅಲ್ಲ, ಹೆಚ್ಚಾಗಿ ಉಸಿರಾಗಿ. 10 ಕಿಲೋ ಕೊಬ್ಬು ಕರಗಿದರೆ ಅದರಲ್ಲಿ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಶ್ವಾಸಕೋಶದಿಂದ ಹೊರಗೆ ಹೋಗುತ್ತದೆ, ಉಳಿದದ್ದು ನೀರಾಗುತ್ತದೆ ಅಂತ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು 2014ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಹಾಗಂತ ಕೂತಲ್ಲೇ ಜೋರಾಗಿ ಉಸಿರು ಬಿಟ್ಟರೆ ಆಗುವುದಿಲ್ಲ. ತಲೆ ತಿರುಗುತ್ತದೆ, ಅಷ್ಟೇ.

ಈಜುಕೊಳದ ಬಗ್ಗೆ ಎರಡೇ ಮಾತು. ಕತ್ತಿನವರೆಗೆ ನೀರಿನಲ್ಲಿ ನಿಂತರೆ ಕಾಲಿನ ಮೇಲೆ ಬೀಳುವ ಭಾರ ಮೈ ತೂಕದ ಹತ್ತರಲ್ಲಿ ಒಂದು ಪಾಲಿನಷ್ಟಾಗುತ್ತದೆ. ಇಷ್ಟು ಬೇಗ ತೂಕ ಇಳಿಸುವ ಜಾಗ ಇನ್ನೊಂದಿಲ್ಲ, ಮೇಲೆ ಬರುವವರೆಗೆ. ಆಮೇಲೆ ಆ ಮೂಗಿಗೆ ಹೊಡೆಯುವ ವಾಸನೆ. ಅದು ಬರೀ ಕ್ಲೋರಿನ್‌ನದ್ದಲ್ಲ, ಈಜುವವರ ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿದಾಗ ಹುಟ್ಟುವ ವಾಸನೆ. ವಾಸನೆ ಜೋರಾಗಿದ್ದರೆ ಕೊಳ ಚೊಕ್ಕಟವಾಗಿದೆ ಅಂತ ಖುಷಿಪಡುವವರಿಗೆ ಇದನ್ನು ಹೇಳದಿರುವುದೇ ವಾಸಿ.

ಜಾಗ ಹುಡುಕುವವರಿಗೆಲ್ಲ ನಾನು ಹೇಳಬೇಕು ಅಂದುಕೊಳ್ಳುವುದು ಲಂಡನ್ನಿನ ಬಸ್ಸುಗಳ ಕಥೆ. ಜೆರ್ರಿ ಮಾರಿಸ್ ಎಂಬ ವೈದ್ಯರು ಮತ್ತು ಅವರ ಜೊತೆಗಾರರು ಅಲ್ಲಿನ ಎರಡಂತಸ್ತಿನ ಬಸ್ಸುಗಳ ಸಿಬ್ಬಂದಿಯ ಆರೋಗ್ಯ ಗಮನಿಸಿ 1953ರಲ್ಲಿ ಅದನ್ನು ಪ್ರಕಟಿಸಿದರು. ಅದೇ ಬಸ್ಸು, ಅದೇ ರಸ್ತೆ, ಅದೇ ಜನ. ಡ್ರೈವರ್ ಇಡೀ ದಿನ ಸೀಟಿನಲ್ಲಿ. ಕಂಡಕ್ಟರ್ ಟಿಕೆಟ್ ಕೊಡುತ್ತಾ ಮೇಲೆ ಕೆಳಗೆ ಮೆಟ್ಟಿಲು ಹತ್ತಿ ಇಳಿಯುತ್ತಾ ಇರುತ್ತಾನೆ. ಹೃದಯದ ಕಾಯಿಲೆ ಡ್ರೈವರುಗಳಲ್ಲೇ ಜಾಸ್ತಿ ಕಂಡಿತು. ಕಾಗದ ಹಂಚುವ ಪೋಸ್ಟ್‌ಮ್ಯಾನ್‌ಗಳನ್ನೂ ಕೂತು ಕೆಲಸ ಮಾಡುವ ಗುಮಾಸ್ತರನ್ನೂ ಹೋಲಿಸಿದಾಗಲೂ ಹೀಗೇ ಆಯಿತು.

ಮೂರು ವರ್ಷ ಕಳೆದ ಮೇಲೆ ಅವರು ಇನ್ನೊಂದು ಕೆಲಸ ಮಾಡಿದರು. ಬಸ್ ಸಂಸ್ಥೆ ಕೊಡುತ್ತಿದ್ದ ಸಮವಸ್ತ್ರದ ಪ್ಯಾಂಟುಗಳ ಅಳತೆ ತೆಗೆಸಿ ನೋಡಿದರು! ಡ್ರೈವರುಗಳ ಸೊಂಟ ಕಂಡಕ್ಟರುಗಳದ್ದಕ್ಕಿಂತ ದಪ್ಪ. ಸರಿ, ಕೂತು ಕೂತು ಬಂದ ಬೊಜ್ಜು ಅನ್ನೋಣ ಅಂದರೆ, ಇನ್ನೂ ವಯಸ್ಸು ಚಿಕ್ಕದಿರುವ ಡ್ರೈವರುಗಳ ಸೊಂಟವೂ ದಪ್ಪವೇ ಇತ್ತು. ಹಾಗಾದರೆ ಸೀಟಿನಿಂದ ಹೊಟ್ಟೆ ಬಂತೋ, ಹೊಟ್ಟೆ ಇದ್ದವರೇ ಸೀಟು ಹುಡುಕಿಕೊಂಡು ಹೋದರೋ? ತಮ್ಮ ಸಿದ್ಧಾಂತಕ್ಕೆ ತಾವೇ ಹೀಗೆ ಅಡ್ಡಗಾಲು ಹಾಕಿಕೊಂಡವರ ಮೇಲೆ ನನಗೆ ಗೌರವ ಜಾಸ್ತಿ. ಮುಂದೆ ಇತರರ ಎಷ್ಟೋ ಅಧ್ಯಯನಗಳು ಓಡಾಟದಿಂದ ಹೃದಯಕ್ಕೆ ಒಳ್ಳೆಯದು ಅನ್ನುವುದನ್ನು ಗಟ್ಟಿ ಮಾಡಿದವು. ಮಾರಿಸ್ 99 ವರ್ಷ ಬದುಕಿದರು.

ಆ ಕಂಡಕ್ಟರುಗಳನ್ನೇ ನೆನೆಸಿಕೊಳ್ಳಿ. ಅವರು ಯಾವ ಚಂದಾ ಕಟ್ಟಿರಲಿಲ್ಲ. ಇವತ್ತು ಮನಸ್ಸಿಲ್ಲ, ನಾಳೆ ಹತ್ತುತ್ತೇನೆ ಅನ್ನುವ ಹಾಗೂ ಇರಲಿಲ್ಲ. ಮೇಲಂತಸ್ತಿನಲ್ಲಿ ಯಾರೋ ಟಿಕೆಟ್‌ಗೆ ಕಾಯುತ್ತಿದ್ದರು, ಇವರು ಹತ್ತಲೇಬೇಕಿತ್ತು. ನಮಗೆ ಬೇಕಾಗಿರುವುದೂ ಮೇಲೆ ಕಾಯುವ ಆ ಮನುಷ್ಯನೇ ಅಂತ ನನ್ನ ಅನಿಸಿಕೆ. ಜಾಗ ಯಾವುದಾದರೇನು?

ಇದಕ್ಕೆ ಸ್ವಲ್ಪ ಬೆಂಬಲ ಕೋಪನ್‌ಹೇಗನ್‌ನಿಂದ ಸಿಗುತ್ತದೆ. ಅಲ್ಲಿ 8,500ಕ್ಕೂ ಹೆಚ್ಚು ಜನರನ್ನು 25 ವರ್ಷದವರೆಗೆ ಗಮನಿಸಿದ ಅಧ್ಯಯನವೊಂದು 2018ರಲ್ಲಿ ಬಂತು. ಸುಮ್ನೆ ಕೂತವರಿಗೆ ಹೋಲಿಸಿದರೆ ಟೆನಿಸ್ ಆಡುವವರು ಸರಾಸರಿ 9.7 ವರ್ಷ, ಬ್ಯಾಡ್ಮಿಂಟನ್ ಆಡುವವರು 6.2 ವರ್ಷ ಜಾಸ್ತಿ ಬದುಕುವ ಹಾಗೆ ಕಂಡಿತು. ಈಜುವವರು 3.4. ಜಿಮ್‌ನವರು 1.5. ಟೆನಿಸ್ ಆಡುವವರು ಮೊದಲೇ ಗಟ್ಟಿಮುಟ್ಟಾಗಿ, ಅನುಕೂಲವಾಗಿ ಇದ್ದವರಿರಬಹುದು ಅಲ್ವಾ? ಇರಬಹುದು. ಡ್ರೈವರುಗಳ ಪ್ಯಾಂಟಿನ ಪ್ರಶ್ನೆ ಇಲ್ಲೂ ಬಿಡುವುದಿಲ್ಲ. ಆದರೂ ಸಂಶೋಧಕರು ಬೊಟ್ಟು ಮಾಡಿದ್ದು ಒಂದು ವಿಷಯದ ಕಡೆಗೆ: ಮುಂದಿರುವ ಆಟಗಳಿಗೆ ಜೊತೆಗೊಬ್ಬರು ಬೇಕೇ ಬೇಕು.

ಅದಕ್ಕೇ ಹತ್ತಿರದಲ್ಲಿ ಶಟಲ್ ಕೋರ್ಟು ಇರುವವರು ಪುಣ್ಯವಂತರು. ಡಬಲ್ಸ್ ಆಡೋಕೆ ನಾಲ್ಕು ಜನ ಬೇಕು. ಮೂವರು ಬ್ಯಾಟು ಹಿಡಿದು ನೆಟ್ಟಿನ ಹತ್ತಿರ ನಿಂತಿರುತ್ತಾರೆ, ನಾಲ್ಕನೆಯವರು ಇನ್ನೂ ಹೊದಿಕೆಯೊಳಗೆ. ಫೋನ್ ಬರುತ್ತದೆ. ಸೊಂಟ ನೋವು ಅಂದರೆ ಕೇಳುವುದಿಲ್ಲ. ಮಳೆ ಅಂದರೆ, ಕೋರ್ಟಿಗೆ ಛಾವಣಿ ಇದೆ ಅನ್ನುತ್ತಾರೆ. ಆಡೋಕೆ ಬರುವುದಿಲ್ಲ, ನಿಮಗೇ ಗೊತ್ತಲ್ಲ ಅಂದರೆ, ಅದಕ್ಕೇ ಎದುರು ತಂಡಕ್ಕೆ ಕರೆದದ್ದು ಅನ್ನುತ್ತಾರೆ.