ಕುಂಬಳಕಾಯಿಗೂ ನೂರಕ್ಕೆ ನೂರು

ಹಾಸನ ಜಿಲ್ಲೆಯಲ್ಲಿ ಡಿಸೆಂಬರ್ ತಿಂಗಳು ಬಂದು, ಶಾಲಾ ವಾರ್ಷಿಕೋತ್ಸವಗಳೂ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಧೈರ್ಯ ತುಂಬುವ ಕಾರ್ಯಾಗಾರಗಳೂ ಒಂದರ ಬೆನ್ನಿಗೊಂದು ನಡೆಯತೊಡಗಿದವೆಂದರೆ, ಇಂಗ್ಲಿಷ್ ವರ್ಣಮಾಲೆಯ 26 ಅಕ್ಷರಗಳಿಗೂ ಮೈಮೇಲೆ ದೇವರು ಬರುವ ಕಾಲ ಬಂತೆಂದೇ ತಿಳಿಯಬೇಕು. ಶಾಲು, ಹಾರ, ಮೈಸೂರು ಪೇಟಗಳ ಸರದಿ ಮುಗಿದ ಮೇಲೆ ವ್ಯಕ್ತಿತ್ವ ವಿಕಸನದ ತರಬೇತುದಾರರು ಎದ್ದು ನಿಂತು, ಕೋಟಿನ ಜೇಬಿನಿಂದ ಸ್ವಂತ ಮಾರ್ಕರ್ ಪೆನ್ನು ತೆಗೆದು, ಬಿಳಿ ಬೋರ್ಡಿನ ಮೇಲೆ ‘ಆಟಿಟ್ಯೂಡ್’ ಎಂದು ಇಂಗ್ಲಿಷಿನಲ್ಲಿ ದಪ್ಪಗೆ ಬರೆಯುತ್ತಾರೆ. ಎ ಎಂದರೆ 1, ಝಡ್ ಎಂದರೆ 26 ಎಂಬ ಲೆಕ್ಕದಂತೆ ಒಂದೊಂದು ಅಕ್ಷರದ ಕೆಳಗೂ ಅಂಕಿ ಇಳಿಯುತ್ತದೆ: 1, 20, 20, 9, 20, 21, 4, 5. ಕೂಡಿದರೆ ಸರಿಯಾಗಿ 100. ‘ಹಾರ್ಡ್ ವರ್ಕ್’ ಕೂಡಿದರೆ 98, ‘ನಾಲೆಜ್’ ಕೂಡಿದರೆ 96. ನೂರರ ಕೆಳಗೆ ಎರಡು ಗೆರೆ ಬೀಳುತ್ತದೆ, ಚಪ್ಪಾಳೆಯೂ ಬೀಳುತ್ತದೆ. ಆಲೂರು ಕಡೆಯಿಂದ ಬೆಳಗಿನ ಮೊದಲ ಬಸ್ಸಿಗೆ ಬಂದ ಹುಡುಗಿಯೊಬ್ಬಳು ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಇದನ್ನೆಲ್ಲ ಶ್ರದ್ಧೆಯಿಂದ ಬರೆದುಕೊಳ್ಳುತ್ತಾಳೆ. ರಾತ್ರಿಯೆಲ್ಲ ಓದುವ ತನ್ನ ಪರಿಶ್ರಮಕ್ಕೆ ಹುಟ್ಟಿನಿಂದಲೇ ಎರಡು ಅಂಕ ಕಡಿತವಾಗಿದೆ ಎಂಬುದು ಅವಳಿಗೆ ಆ ದಿನ ಸಿಕ್ಕ ಹೊಸ ವಿಷಯ.

ಲೆಕ್ಕದಲ್ಲಿ ತಪ್ಪಿಲ್ಲ, ತೊಂದರೆಯಿರುವುದು ಲೆಕ್ಕವನ್ನು ಅಲ್ಲಿಗೇ ನಿಲ್ಲಿಸಿದ್ದರಲ್ಲಿ. ಅದೇ ಮಾರ್ಕರ್ ಇನ್ನೂ ಎರಡು ನಿಮಿಷ ಓಡಿದ್ದರೆ ಕುಂಬಳಕಾಯಿಯ ‘ಪಂಪ್‌ಕಿನ್’ ಕೂಡ 100 ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ‘ಟೆಲಿಫೋನ್’ 100, ‘ಟರ್ಕಿ’ ಕೋಳಿ 100, ಅರ್ಜಿ ಹಿಡಿದು ಹೋದ ದಿನವೇ ಕೆಟ್ಟಿರುವ ಕಚೇರಿಯ ‘ಪ್ರಿಂಟರ್’ ಸಹ 100. ಮಕ್ಕಳ ತಲೆಯಿಂದ ಯಾವುದನ್ನು ಇಳಿಸಬೇಕೆಂದು ಕಾರ್ಯಾಗಾರ ಏರ್ಪಡಿಸಿದ್ದರೋ ಆ ‘ಸ್ಟ್ರೆಸ್’ ಎಂಬುದಕ್ಕೂ ನೂರಕ್ಕೆ ನೂರೇ. ‘ಸ್ಟೂಡೆಂಟ್’ ಕೂಡಿದರೆ 103 ಬರುವುದರಿಂದ ವಿದ್ಯಾರ್ಥಿಯು ಪರೀಕ್ಷೆಗೆ ಕೂರುವ ಮೊದಲೇ ಗರಿಷ್ಠ ಅಂಕ ದಾಟಿರುತ್ತಾನೆ. ‘ಟೀಚರ್’ ಪಾಲಿಗೆ ಬರುವುದು 60, ಅಂದರೆ ಗುರುಗಳು ಕಷ್ಟಪಟ್ಟು ಪ್ರಥಮ ದರ್ಜೆ. ಹಾಸನದ ಹೆಸರು ಉಳಿಸಿದ ಆಲೂಗೆಡ್ಡೆಗೆ ‘ಪೊಟ್ಯಾಟೊ’ ಲೆಕ್ಕದಲ್ಲಿ 87 ಸಿಗುತ್ತದೆ. ಅಂಗಮಾರಿ ರೋಗ ಬಿದ್ದ ವರ್ಷ ಅಷ್ಟು ಸಿಕ್ಕರೆ ರೈತ ಬೇಡವೆನ್ನಲಾರ. ಇನ್ನು ‘ಸ್ಟುಪಿಡಿಟಿ’ ಎಂಬ ಮಹಾಗುಣವು 143 ಅಂಕಗಳೊಂದಿಗೆ ಎಲ್ಲರನ್ನೂ ಬಹಳ ಹಿಂದೆ ಬಿಟ್ಟಿದೆ ಎಂಬುದನ್ನು, ಸಭಾಮರ್ಯಾದೆಯ ದೃಷ್ಟಿಯಿಂದಲೋ ಏನೋ, ಯಾವ ವೇದಿಕೆಯಲ್ಲೂ ಕೂಡಿ ತೋರಿಸುವುದಿಲ್ಲ.

ಅಂಕಿಗಳ ಆಟ ಮುಗಿದ ಮೇಲೆ ಅಕ್ಷರಗಳ ಆಟ. ‘ಲಿಸನ್’ ಪದದ ಆರು ಅಕ್ಷರಗಳನ್ನೇ ಸ್ಥಾನ ಬದಲಿಸಿದರೆ ‘ಸೈಲೆಂಟ್’ ಆಗುವುದರಿಂದ, ಕೇಳಬೇಕಾದರೆ ಮೌನವಾಗಿರಬೇಕೆಂದು ಭಾಷೆಯೇ ಸಾರುತ್ತಿದೆ ಎಂಬುದು ಇಲ್ಲಿಯ ನೀತಿ. ಮೊದಲನೆಯ ಪದ ಹಳೆಯ ಇಂಗ್ಲಿಷಿನದು, ಎರಡನೆಯದು ಲ್ಯಾಟಿನ್ ಮೂಲದ್ದು. ಎರಡಕ್ಕೂ ನಂಟಿಲ್ಲ, ಬೀಗತನವೂ ಇಲ್ಲ. ಅವೇ ಆರು ಅಕ್ಷರಗಳಿಂದ ‘ಟಿನ್ಸೆಲ್’ ಎಂಬ ಪದವೂ ಆಗುತ್ತದೆ. ಅದು ಭಾಷಣಕಾರರ ನೆತ್ತಿಯ ಮೇಲೆ ಇಳಿಬಿಟ್ಟಿರುವ ಮಿಂಚುಕಾಗದದ ಹೆಸರಾದ್ದರಿಂದ, ನೀತಿ ಬೇಕೆಂದವರು ಕತ್ತೆತ್ತಿ ನೋಡಿದ್ದರೆ ಸಾಕಿತ್ತು. ಒಂದು ಮಾತನ್ನು ಮಾತ್ರ ಗಮನಿಸಬೇಕು: ಕೇಳುವವರು ಬಾಯಿ ಮುಚ್ಚಿಕೊಂಡಿರಬೇಕೆಂಬ ಈ ಉಪದೇಶವನ್ನು ನಾನು ಕೇಳಿರುವುದು ಯಾವಾಗಲೂ ಮೈಕು ಹಿಡಿದವರ ಬಾಯಿಂದಲೇ.

‘ಫ್ರೆಂಡ್’ ಪದದ ಕೊನೆಯಲ್ಲಿ ‘ಎಂಡ್’ ಇದೆ, ಆದಕಾರಣ ಸ್ನೇಹಕ್ಕೂ ಅಂತ್ಯವಿದೆ ಎಂದು ಮಧ್ಯಾಹ್ನದ ಡಬ್ಬಿ ಹಂಚಿಕೊಂಡು ತಿನ್ನುವ ಮಕ್ಕಳಿಗೆ ಹೇಳುವ ಪುಣ್ಯಾತ್ಮರೂ ಇದ್ದಾರೆ. ಆ ‘ಎಂಡ್’ ಅಂತ್ಯವನ್ನು ಹೇಳುವುದೇ ಇಲ್ಲ. ಅದು ‘ಪ್ರೀತಿಸುವವ’ ಎಂಬಲ್ಲಿ ನಾವು ಹಚ್ಚುವ ‘ಅವ’ ಪ್ರತ್ಯಯದ ಕೆಲಸವನ್ನು ಹಳೆಯ ಇಂಗ್ಲಿಷಿನಲ್ಲಿ ಮಾಡುತ್ತಿದ್ದ ತುಣುಕು. ‘ಆ್ಯಂಗರ್’ ಮುಂದೆ ಡಿ ಸೇರಿಸಿದರೆ ‘ಡೇಂಜರ್’ ಆಗುತ್ತದೆಂಬ ಫಲಕವಂತೂ ಕಚೇರಿ ಗೋಡೆಗಳ ಖಾಯಂ ನೌಕರ. ಆ ಎರಡು ಪದಗಳನ್ನು ನಮ್ಮ ಲಿಪಿಯಲ್ಲಿ ಬರೆದು ನೋಡಿ: ಮೊದಲಿನ ಸ್ವರ ಬೇರೆ, ನಡುವಿನ ಗ ಹೋಗಿ ಜ ಬಂದಿದೆ, ನೀತಿ ಆವಿಯಾಗಿದೆ. ಅದೇ ನ್ಯಾಯದಂತೆ ಕೋಪದ ಮುಂದೆ ಆರ್ ಸೇರಿದರೆ ‘ರೇಂಜರ್’ ಆಗಬೇಕು. ತೋಟಕ್ಕೆ ಆನೆ ನುಗ್ಗಿದ ರಾತ್ರಿ ಫೋನು ಮಾಡಿ ಕಾದು ಕುಳಿತ ಸಕಲೇಶಪುರದ ಬೆಳೆಗಾರರು ಇದೊಂದನ್ನು ಮಾತ್ರ ಪೂರ್ತಿ ತಳ್ಳಿಹಾಕಲಾರರು.

ಇಂಥ ಪದಗಳ ಹೆಕ್ಕುವಿಕೆಯಲ್ಲಿ ಜಾಣತನವೂ ಇದೆ. ‘ಟೀಚರ್’ ಪದದ ಏಳೂ ಅಕ್ಷರಗಳನ್ನು ಕಲಸಿದರೆ ‘ಚೀಟರ್’ ಎಂಬ ಪದ ಒಂದಕ್ಷರವೂ ಹೆಚ್ಚುಕಡಿಮೆಯಾಗದೆ ಸಿದ್ಧವಾಗುತ್ತದೆ. ‘ಲಿಸನ್–ಸೈಲೆಂಟ್’ ಸತ್ಯವಾದರೆ ಇದೂ ಅಷ್ಟೇ ಸತ್ಯವಾಗಬೇಕು. ಆದರೆ ಶಿಕ್ಷಕರ ದಿನಾಚರಣೆಯಂದು ಯಾರೂ ಇದನ್ನು ಬೋರ್ಡಿನ ಮೇಲೆ ಬರೆದದ್ದನ್ನು ನಾನು ಕಂಡಿಲ್ಲ. ನೀತಿಯನ್ನು ಮೊದಲೇ ಗೊತ್ತುಮಾಡಿಕೊಂಡು, ಅದಕ್ಕೆ ಒಪ್ಪುವ ಅಕ್ಷರಗಳನ್ನಷ್ಟೇ ವೇದಿಕೆಗೆ ಆಹ್ವಾನಿಸಿ, ಒಪ್ಪದವನ್ನು ಹೊರಗೇ ನಿಲ್ಲಿಸುವ ಈ ಪದ್ಧತಿಯು ಜಿಲ್ಲೆಯ ಸಭೆ ಸಮಾರಂಭಗಳ ಆಹ್ವಾನಪತ್ರಿಕೆ ಸಿದ್ಧಪಡಿಸುವವರಿಗೆ ಹೊಸದೇನಲ್ಲ.

ನಮ್ಮವರೂ ಅಕ್ಷರದಾಟಕ್ಕೆ ಹೊರತಲ್ಲ. ‘ಸಾಕ್ಷರಾ’ ಎಂಬುದನ್ನು ತಿರುಗಿಸಿದರೆ ‘ರಾಕ್ಷಸಾ’ ಆಗುತ್ತದೆಂಬ ಚಮತ್ಕಾರವನ್ನು ಸಂಸ್ಕೃತ ಪಂಡಿತರು ಬಹಳ ಹಿಂದೆಯೇ ಮಾಡಿದ್ದಾರೆ. ಓದಿದವರನ್ನು ಕಿಚಾಯಿಸುವ ಚಮತ್ಕಾರವೆಂದೇ ಅದನ್ನು ಸವಿದವರುಂಟು, ಅದರ ಆಧಾರದ ಮೇಲೆ ಸಾಕ್ಷರತಾ ಆಂದೋಲನವನ್ನು ಯಾರೂ ನಿಲ್ಲಿಸಲಿಲ್ಲ. ಅಕ್ಷರಕ್ಕೆ ಅಂಕಿ ಕೊಡುವ ಕಟಪಯಾದಿ ಕ್ರಮವೂ ನಮ್ಮಲ್ಲಿದೆ. ಅರಕಲಗೂಡು ತಾಲ್ಲೂಕಿನ, ಸಂಗೀತಗಾರರ ಊರೆಂದೇ ಹೆಸರಾದ ರುದ್ರಪಟ್ಟಣದಲ್ಲಿ ಕೇಳಿದರೆ ಯಾರಾದರೂ ಹೇಳಿಯಾರು: ‘ಧೀರಶಂಕರಾಭರಣ’ದ ಧ ಎಂದರೆ 9, ರ ಎಂದರೆ 2, ತಿರುಗಿಸಿ ಓದಿದರೆ 29, ಅದು 72 ಮೇಳಕರ್ತ ರಾಗಗಳ ಸಾಲಿನಲ್ಲಿ ಆ ರಾಗದ ಸಂಖ್ಯೆ. ಕ್ರಮವಿರುವುದು ನೆನಪಿಟ್ಟುಕೊಳ್ಳುವುದಕ್ಕೆ, 65ನೆಯ ಮೇಚಕಲ್ಯಾಣಿಯು 29ಕ್ಕಿಂತ ಹೆಚ್ಚು ಗುಣವಂತೆ ಎಂದು ಯಾವ ವಿದ್ವಾಂಸರೂ ಅಪ್ಪಣೆ ಕೊಡಿಸಿಲ್ಲ. ಇನ್ನು ನೀತಿಯನ್ನೇ ಹೇಳಬೇಕೆಂದಿದ್ದಾಗ, ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸುಮಾರು ಕ್ರಿ.ಶ. 450ರಲ್ಲಿ ಕಲ್ಲು ಕಡೆದವರು, ಕೊಟ್ಟ ದತ್ತಿಯನ್ನು ಕೆಡಿಸಿದವರಿಗೆ ಮಹಾಪಾತಕವೆಂದು ನೇರವಾಗಿ ಬರೆದು ಮುಗಿಸಿದರು. ಯಾವ ಅಕ್ಷರವನ್ನೂ ಕೂಡಲಿಲ್ಲ, ಕಳೆಯಲಿಲ್ಲ.

ಕಾರ್ಯಾಗಾರದ ಕೊನೆಗೆ ವಂದನಾರ್ಪಣೆ, ಸ್ಮರಣಿಕೆ, ಗ್ರೂಪ್ ಫೋಟೊ, ಮತ್ತು ಒಂದು ಲಕೋಟೆ. ಲಕೋಟೆಯಲ್ಲಿರುವ ಗೌರವಧನಕ್ಕೆ ಇಂಗ್ಲಿಷಿನಲ್ಲಿ ‘ಆನರೇರಿಯಂ’ ಎನ್ನುತ್ತಾರಷ್ಟೆ; ಅದನ್ನು ಅದೇ ಲೆಕ್ಕಕ್ಕೆ ಹಾಕಿದರೆ 132 ಬಂದು, ಆಟಿಟ್ಯೂಡನ್ನು 32 ಅಂಕಗಳಿಂದ ಹಿಂದಿಕ್ಕುತ್ತದೆ. ಆ ಮೊತ್ತವನ್ನು ಯಾವ ಲೆಕ್ಕಶೀರ್ಷಿಕೆಯಡಿ ಖರ್ಚು ಹಾಕಬೇಕೆಂದು ತಿಳಿಯದ ಮುಖ್ಯೋಪಾಧ್ಯಾಯರು, ಮಕ್ಕಳೆಲ್ಲ ಬಸ್ಸು ಹತ್ತಿದ ಮೇಲೆಯೂ ಗುಮಾಸ್ತರೊಂದಿಗೆ ಕ್ಯಾಶ್‌ಬುಕ್ ತೆರೆದಿಟ್ಟುಕೊಂಡು ಕುಳಿತಿರುತ್ತಾರೆ.